ಹಂಡೆ ಕೊಟ್ಟು ತಂದ ರೇಡಿಯೋ

ಚಿತ್ತಾಪುರದ ನಮ್ಮ ಓಣಿಯಲ್ಲಿ ಮೊಟ್ಟಮೊದಲು ಮಾತಾಡುವ ರೇಡಿಯೋ ನಮ್ಮ ಮನೆಯದೇ ಆಗಬೇಕು! ತಹಸೀಲ ಕಚೇರಿಯ ಗುಮಾಸ್ತನಾದ ನಾನು, ಅಂಬಾರಾಯ, ಹೀಗೆ ಶಪಥ ಮಾಡಿದ ದಿನ ನನ್ನ ಕೈಯಲ್ಲಿದ್ದದ್ದು ತೂತುಬಿದ್ದ ಒಂದು ತಾಮ್ರದ ಹಂಡೆ. ಅದೂ ನನ್ನದಲ್ಲ, ಹೆಂಡತಿಯದು.

ಶಪಥಕ್ಕೆ ಕಾರಣವಿತ್ತು. ಶಹಾಬಾದದಲ್ಲಿರುವ ನನ್ನ ಹೆಂಡತಿಯ ಅಣ್ಣ ಹೊಸ ರೇಡಿಯೋ ತಂದಿದ್ದ. ತಂದದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಸುಲೇಪೇಟದ ನಮ್ಮ ಮಾವ ಬಸವಂತರಾಯರು ಹೋದಲ್ಲಿ ಬಂದಲ್ಲಿ, "ನಮ್ಮ ಮಗನ ಮನ್ಯಾಗ ಧಾರವಾಡ ಮಾತಾಡ್ತದ," ಎಂದು ಸಾರಿಕೊಂಡು ತಿರುಗಿದರೆ ಅಳಿಯನಾದವನ ಮೀಸೆಯ ಗತಿಯೇನು? ಅದೂ ಕನ್ನಡ ನಾಡೆಲ್ಲ ಒಂದಾಗುತ್ತದೋ ಇಲ್ಲವೋ, ನಮ್ಮನ್ನು ಯಾವ ರಾಜ್ಯಕ್ಕೆ ಸೇರಿಸುತ್ತಾರೋ ಎಂದು ಊರಿಗೆ ಊರೇ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದ ಕಾಲದಲ್ಲಿ!

ಆ ಚಳಿಗಾಲದಲ್ಲೇ ನನ್ನ ಹೆಂಡತಿ ಸೂಗಮ್ಮನ ಹಂಡೆ ಸೋರತೊಡಗಿತು. ಮದುವೆಯಲ್ಲಿ ಮಾವ ಕೊಟ್ಟ ಹಂಡೆ. ಅಂಚಿನ ಮೇಲೆ 'ಬಸವಂತರಾಯ ಸುಲೇಪೇಟ, ಮಗಳು ಸೂಗಮ್ಮಗ' ಎಂದು ಹೆಸರು ಕೊರೆಸಿದ ಹಂಡೆ.

"ವಾಡಿಗಿ ಒಯ್ದು ಬೆಸಿಗಿ ಹಾಕಿಸ್ಕೊಂಡು ಬರ್ರಿ," ಎಂದಳು ಸೂಗಮ್ಮ. "ಸಂಕ್ರಾಂತಿಗಿ ಅಪ್ಪ ಬರ್ತಾನ. ಅವಗ ಮೈತುಂಬ ಬಿಸಿನೀರು ಬೇಕು."

"ಇದೇನ್ ದೊಡ್ಡ ಕೆಲಸ!" ಎಂದು ಹಂಡೆಯನ್ನು ಹೆಗಲಿಗೇರಿಸಿ ರೈಲು ಹತ್ತಿದೆ.

ವಾಡಿ ಸ್ಟೇಶನ್ನಿನ ಹೊರಗೆ ಶಹಾಬುದ್ದೀನನ ರಿಪೇರಿ ಅಂಗಡಿ. ಹಂಡೆ, ಕಂದೀಲು, ಗಡಿಯಾರ, ಏನು ಕೆಟ್ಟರೂ ಅವನಲ್ಲಿಗೇ ಹೋಗಬೇಕು. ಹೊಕ್ಕ ಕೂಡಲೇ ನನ್ನ ಕಣ್ಣು ಗೋಡೆಯ ಮಾಡದಲ್ಲಿ ಕೂತಿದ್ದ ಒಂದು ರೇಡಿಯೋಕ್ಕೆ ಅಂಟಿಕೊಂಡಿತು. ವರ್ಗವಾಗಿ ಹೋದ ಯಾರೋ ರೈಲ್ವೆ ಸಾಹೇಬ ಬಿಟ್ಟುಹೋದದ್ದಂತೆ.

"ಇದು ಹಳೇದಲ್ಲೇನು?"

"ಪೆಟ್ಟಿಗಿ ಹಳೇದ್ರಿ ಸಾಹೇಬ್ರ. ಒಳಗಿನ ಜೀವ ಎಲ್ಲಾ ಹೊಸಾದು ಹಾಕೀನಿ. ಹೊಸಾ ರೇಡಿಯೋ ಅಂದ್ರ ಹೊಸಾ ಸೊಸಿ ಇದ್ದಂಗ, ಹೆಂಗ ನಡೀತಾಳೋ ಗೊತ್ತಾಗಂಗಿಲ್ಲ. ಇದು ಸಂಸಾರ ಮಾಡಿ ಪಳಗಿದ್ದು!"

ರೇಡಿಯೋದ ಕಿವಿ, ಅಂದರೆ ಗುಂಡಿ, ತಿರುಗಿಸಿದ. ಪೆಟ್ಟಿಗೆ ಹಾಡಿತು! ನಾನು ನನ್ನ ಜೇಬು ಮುಟ್ಟಿ ನೋಡಿಕೊಂಡೆ. ಆಮೇಲೆ ಹಂಡೆ ನೋಡಿದೆ. ಶಹಾಬುದ್ದೀನನೂ ಹಂಡೆ ನೋಡಿದ.

"ತಾಮ್ರ ಗಟ್ಟಿ ಅದ," ಎಂದ.

ಮುಗಿಯಿತು ವ್ಯವಹಾರ. ಚಿತ್ತಾಪುರದ ಗಾಡಿ ಸೀಟಿ ಹೊಡೆದಾಗ ಅವನು ಪ್ಲಾಟ್‌ಫಾರ್ಮಿನವರೆಗೂ ಓಡಿಬಂದು, "ಭೂಮಿಗಿ ಒಂದು ತಂತಿ ಇಳಸ್ರಿ! ಆ ಜಾಗಾಕ್ಕ ಮತ್ತ..." ಎಂದು ಕೂಗಿದ. 'ಮತ್ತ'ದ ಮುಂದಿನದು ಎಂಜಿನ್ನಿನ ಸದ್ದಿನಲ್ಲಿ ಹೋಯಿತು. ಹೋಗಲಿ ಎಂದು ನಾನೂ ಬಿಟ್ಟೆ. ಗುಮಾಸ್ತನಿಗೆ ತಂತಿ ಹೂಳುವುದನ್ನು ಹೇಳಿಕೊಡಬೇಕೆ?

ಮನೆಗೆ ಬಂದಾಗ ಸೂಗಮ್ಮ ನನ್ನ ಕೈ ನೋಡಲಿಲ್ಲ, ಬೆನ್ನ ಹಿಂದೆ ನೋಡಿದಳು.

"ಹಂಡೆ ಎಲ್ಲಿ?"

"ಮೊದಲ ಇದನ್ನ ನೋಡು!"

"ನೋಡಿದೆ. ಹಂಡೆ ಎಲ್ಲಿ?"

"ಏ, ಇದು ಮಾತಾಡ್ತದ!"

"ನೀವೂ ಮಾತಾಡ್ತೀರಿ. ಹಂಡೆ ಎಲ್ಲಿ?"

ಹೇಳಲೇಬೇಕಾಯಿತು. ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ರಿಪೇರಿ ಮಾಡಸಲಾಕ ಒಯ್ದದ್ದು ಬಿಟ್ಟು, ರಿಪೇರಿ ಮಾಡಿಸಿದ್ದು ತಂದೀರಿ. ಅಪ್ಪ ಬಂದು ಕೇಳಿದ್ರ ನಾ ಏನ್ ಹೇಳ್ಲಿ?" ಎಂದಳು. ಅವಳ ದನಿ ಸಣ್ಣಗಾಗಿತ್ತು. ನನಗೆ ಒಳಗೊಳಗೇ ಕಸಿವಿಸಿಯಾಯಿತು. ಕಸಿವಿಸಿಯಾದಾಗ ನನ್ನ ಬಾಯಿ ದೊಡ್ಡದಾಗುತ್ತದೆ.

"ಮಾವಾರು ಒಮ್ಮೆ ರೇಡಿಯೋ ಕೇಳಿದ್ರ ಹಂಡೆ ಅವರ ನೆನಪಿಗೇ ಬರಂಗಿಲ್ಲ! ಅವರ ಮುಂದ ಇದು ಮಾತಾಡಲಿಲ್ಲಂದ್ರ, ನೀ ಹೇಳಿದ ಶಿಕ್ಷಾ ಕಬೂಲ್!"

ಮರುದಿನ ಮಾಳಿಗೆಯ ಮೇಲೆ ಬೊಂಬು ನಿಲ್ಲಿಸಿ ತಂತಿ ಎಳೆದೆ. ಇನ್ನು ಭೂಮಿಗಿಳಿಯುವ ತಂತಿ. ಗೇಣುದ್ದ ಅಗೆದರೆ ಪರಸಿಕಲ್ಲು ಠಣ್ ಎನ್ನುವ ಊರು ನಮ್ಮದು. ಅಂಗಳದಲ್ಲಿ ಠಣ್! ಬಾಗಿಲ ಮುಂದೆ ಠಣ್! ಕೊನೆಗೆ ಅಡುಗೆಮನೆಯ ಹಿಂದೆ, ಸೂಗಮ್ಮ ಪಾತ್ರೆ ಭಾಂಡೆ ತಿಕ್ಕುವ ಜಾಗದ ಪಕ್ಕ ಒಂದಿಷ್ಟು ಮಣ್ಣು ಸಿಕ್ಕಿತು. ಕಬ್ಬಿಣದ ಸಲಾಕಿ ಬಡಿದು ತಂತಿ ಕಟ್ಟಿದೆ.

ಸಂಜೆ ಕಿವಿ ತಿರುಗಿಸಿದರೆ ಬರೀ ಸುಂಯ್ ಸದ್ದು. ತಿರುಗಿಸಿದೆ, ಊದಿದೆ, ಒರೆಸಿದೆ. ಸಿಟ್ಟು ನೆತ್ತಿಗೇರಿ ಪೆಟ್ಟಿಗೆಯ ಎಡಗೆನ್ನೆಗೆ ಫಟ್ ಎಂದು ಒಂದು ಬಿಟ್ಟೆ. ಏನಾಶ್ಚರ್ಯ! ಧಾರವಾಡ ಸ್ಪಷ್ಟವಾಗಿ ನಮ್ಮ ಪಡಸಾಲೆಯಲ್ಲಿ ಮಾತಾಡಿತು!

ಅಂದಿನಿಂದ ನಾನು ಓಣಿಗೆ ದೊಡ್ಡ ರೇಡಿಯೋ ಪಂಡಿತ. ದಿನಾ ಸಂಜೆ ಮಂದಿ ಸೇರುವುದು, ನಾನು ಹೊಡೆಯುವುದು, ಅದು ಮಾತಾಡುವುದು. ಒಂದೊಂದು ಸಂಜೆ ಒಂದೇ ಏಟಿಗೆ ಬಗ್ಗುತ್ತಿತ್ತು, ಒಂದೊಂದು ಸಂಜೆ ಅಂಗೈ ಕೆಂಪಾಗುವವರೆಗೆ ಕಾಯಿಸುತ್ತಿತ್ತು. ನಮ್ಮ ಕಚೇರಿಯ ಶೌಕತ ಅಲಿಯಂತೂ ಬೆರಗಾಗಿ, "ಅಂಬಾರಾಯ್ರ, ನಾನೂ ಇಂಥದೇ ಹಳೇದೊಂದು ತಗೋಬೇಕಂತೀನಿ. ಏನಂತೀರಿ?" ಎಂದು ಕೇಳಿದರು. "ವಿಚಾರ ಮಾಡಿ ಹೇಳ್ತೀನಿ. ಹೊಡಿಯೋ ಕೈ ಎಲ್ಲಾರಿಗೂ ಇರಂಗಿಲ್ಲ," ಎಂದೆ.

ಸಂಕ್ರಾಂತಿ ಬಂತು. ಮಗನ ಮನೆಯಲ್ಲಿ ಎರಡು ದಿನವಿದ್ದು, ಶಹಾಬಾದದಿಂದ ಮಾವ ಬಂದರು. ಜೊತೆಗೆ ಗೋಣಿಯಲ್ಲಿ ಸುತ್ತಿದ ದೊಡ್ಡದೊಂದು ಗಂಟು. "ಆಮ್ಯಾಲ ಬಿಚ್ಚೋಣಂತ," ಎಂದು ಮೂಲೆಗಿಟ್ಟು, "ಎಲ್ಲದ ನಿಮ್ಮ ರೇಡಿಯೋ?" ಎಂದರು.

ಪಡಸಾಲೆ ತುಂಬಿತು. ಮಾವ ಕಂಬಕ್ಕೊರಗಿ ಕಣ್ಣುಮುಚ್ಚಿದರು. ನಾನು ತೋಳೇರಿಸಿ ಫಟ್ ಎನಿಸಿದೆ. ಸುಂಯ್. ಬಲಗೆನ್ನೆಗೆ ಫಟ್! ಸುಂಯ್. ನೆತ್ತಿಗೆ ಫಟ್!

"ಅಳಿಯಂದಿರ," ಎಂದರು ಮಾವ ಕಣ್ಣು ತೆರೆಯದೆ, "ನೀವು ಅದನ್ನ ಮಾತಾಡಸಾಕತ್ತೀರೋ, ಅಳಸಾಕತ್ತೀರೋ?"

ಮಂದಿ ಕಿಸಕ್ಕನೆ ನಕ್ಕರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಅದೂ ಬಿಡುವಂತಿಲ್ಲ, ಕೆಳಗೆಲ್ಲ ಪರಸಿಕಲ್ಲು! ನೀರು ಕುಡಿಯುವ ನೆವದಲ್ಲಿ ಎದ್ದು ಹಿತ್ತಲಿಗೆ ಓಡಿದೆ. ಅಲ್ಲಿ ಸೂಗಮ್ಮ ತುಂಬಿದ ಕೊಡ ಹಿಡಿದು, ಸಲಾಕಿಯ ಪಕ್ಕ, ನನ್ನ ದಾರಿಯನ್ನೇ ಕಾಯುತ್ತ ನಿಂತಿದ್ದಳು.

"ಮಾತಾಡವಲ್ದೇನ್ರಿ?"

"ದಿನಾ ಮಾತಾಡ್ತಿತ್ತು. ಇವತ್ತ ಏನಾತೋ!"

"ದಿನಾ ನಾ ಈ ಹೊತ್ತಿಗಿ ಭಾಂಡೆ ತಿಕ್ಕತಿದ್ದೆ. ಇವತ್ತ ಹೋಳಗಿ ಮಾಡಾಕತ್ತಿದ್ದೆ, ತಿಕ್ಕಿಲ್ಲ. ಭಾಂಡೆ ತೊಳದ ನೀರು ಈ ಸಲಾಕಿ ಬುಡಕ್ಕ ಬಿದ್ರ ಅದು ಮಾತಾಡ್ತದ, ಒಣಗಿದ್ರ ಬಾಯಿ ಮುಚ್ಚತದ. ನಿಮ್ಮ ಏಟಿಗಿ ಅಲ್ಲ."

ಎಂಜಿನ್ನಿನ ಸದ್ದಿನಲ್ಲಿ ಹೋಗಿದ್ದ ಶಹಾಬುದ್ದೀನನ 'ಮತ್ತ' ಈಗ ಪೂರ್ತಿ ಕೇಳಿಸಿತು: ಆ ಜಾಗಾಕ್ಕ ಮತ್ತ ಮತ್ತ ನೀರು ಹಾಕ್ರಿ!

"ಮತ್ತ ಇಷ್ಟು ದಿನ ಯಾಕ ಹೇಳಲಿಲ್ಲ?"

"ನೀವು ಹೊಡಿಯೋದು ನೋಡಲಾಕ ಛಲೋ ಅನಸ್ತಿತ್ತು."

"ಹಾಕು ಮಾರಾಯ್ತಿ, ಹಾಕು ನೀರು!"

"ಹಾಕ್ತೀನಿ. ನಾಳಿಂದ ರೇಡಿಯೋ ಬೇಕಾದವರು ಭಾಂಡೆ ತಿಕ್ಕಬೇಕು."

"ಸರಕಾರಿ ಗುಮಾಸ್ತ ಭಾಂಡೆ ತಿಕ್ಕೋದಾ?"

"ಹಂಗಾದ್ರ ಗುಮಾಸ್ತರು ಒಳಗ ಹೋಗಿ ಅಪ್ಪಗ ಹಂಡೆ ಕತಿ ಹೇಳ್ರಿ."

"ಬ್ಯಾಡ, ಬ್ಯಾಡ! ಭಾಂಡೆ ಕಬೂಲ್!"

ಕೊಡ ಬಗ್ಗಿತು. ಒಳಗೆ ಧಾರವಾಡ ಗಂಟಲು ತೆರೆಯಿತು. ಮಾವ ವಾರ್ತೆಯನ್ನೆಲ್ಲ ಕೇಳಿ, "ಭೇಷ್! ನಮ್ಮ ಮಗನ ಹೊಸಾದಕಿಂತ ಇದೇ ಸಾಫ್ ಕೇಳತದ," ಎಂದರು. ನನ್ನ ಎದೆ ಗಾಳಿ ತುಂಬಿಕೊಂಡಿತು. ಗೆದ್ದೆ!

"ಸೂಗಮ್ಮ, ಮೈ ತೊಳಕೋಬೇಕವ್ವ. ಆ ಗಂಟು ಬಿಚ್ಚು," ಎಂದರು ಮಾವ.

ಗೋಣಿ ಬಿಚ್ಚಿದರೆ ತಾಮ್ರದ ಹಂಡೆ! ಥಳಥಳ ಹೊಳೆಯುತ್ತಿತ್ತು. ಅಂಚಿನ ಮೇಲೆ 'ಬಸವಂತರಾಯ ಸುಲೇಪೇಟ, ಮಗಳು ಸೂಗಮ್ಮಗ.'

"ವಾಡ್ಯಾಗ ಗಾಡಿ ಬದಲಿ ಮಾಡ್ಲಾಕ ಇಳದಿದ್ದೆ," ಎಂದರು ಮಾವ. "ಒಂದು ಅಂಗಡ್ಯಾಗ ನನ್ನ ಹೆಸರು ಕಾಣಸ್ತು. ಬೆಸಿಗಿ ಭಾಳ ಗಟ್ಟಿ ಹಾಕ್ಯಾನ, ತಗೊಂಡು ಬಂದೆ. ರಿಪೇರಿ ಮಾಡಿದ ಮಾಲು ತಗೊಂಡ್ರ ಲುಕ್ಸಾನಿಲ್ರಿ ಅಳಿಯಂದಿರ. ರೇಡಿಯೋ ರಿಪೇರಿ ಆತು, ಹಂಡೆ ರಿಪೇರಿ ಆತು. ಇನ್ನ ಉಳದದ್ದು ನೀವೊಬ್ಬರೇ!"

ಸೂಗಮ್ಮ ಹಂಡೆಯನ್ನು ಎದೆಗಪ್ಪಿಕೊಂಡು ನಕ್ಕಳು. ಅವಳು ಹಾಗೆ ನಕ್ಕು ಬಹಳ ದಿನವಾಗಿತ್ತು. ನಾಚಿಕೆಯ ನಡುವೆಯೂ ನನಗೆ ಸಮಾಧಾನವಾಯಿತು. ಹಂಡೆ ಬಂತಲ್ಲ, ಶಿಕ್ಷೆಯೂ ಮಾಫಾಯಿತೆಂದು ತಿಳಿದೆ.

ಮಾಫಾಗಲಿಲ್ಲ. ಮರುದಿನದಿಂದ ವಾರ್ತೆಯ ಹೊತ್ತಿಗೆ ನನ್ನ ಠಿಕಾಣಿ ಹಿತ್ತಲು. ಸೂಗಮ್ಮ ಒಳಗೆ ನನ್ನ ಜಾಗದಲ್ಲಿ ಕೂತು ಕಿವಿ ತಿರುಗಿಸುತ್ತಾಳೆ. ಜಗತ್ತಿನ ಸುದ್ದಿಯೆಲ್ಲ ಓಣಿಗೆ ಗೊತ್ತು, ರೇಡಿಯೋ ತಂದವನಿಗೆ ಮಾತ್ರ ಗೊತ್ತಿಲ್ಲ! ಭಾಂಡೆ ಪಾತೇಲಿಯ ಸದ್ದಿನಲ್ಲಿ ಏನು ಕೇಳೀತು?

ಮೊನ್ನೆ ಸಂಜೆ ಶೌಕತ ಅಲಿ ಹಿತ್ತಲ ಬಾಗಿಲಿಗೆ ಬಂದು ಇಣುಕಿದರು. "ಅಂಬಾರಾಯ್ರ, ವಿಚಾರ ಮಾಡಿ ಹೇಳ್ತೀನಂದಿದ್ರಿ. ಖರೆ ಹೇಳ್ರಿ, ರಿಪೇರಿ ಮಾಡಿದ ಹಳೇ ರೇಡಿಯೋ ತಗೋಬೇಕೋ, ಬ್ಯಾಡೋ?"

ನನ್ನನ್ನು ಯಾರಾದರೂ ಸಲಹೆ ಕೇಳಿ ಎಷ್ಟು ದಿನವಾಗಿತ್ತು! ಬೂದಿಗೈಯನ್ನು ಸೊಂಟಕ್ಕಿಟ್ಟು ಗಂಭೀರವಾಗಿ ಎದ್ದು ನಿಂತೆ. "ನೋಡ್ರಿ ಶೌಕತ ಅಲಿಯವರ, ಹಳೇ ಯಂತ್ರ ಅಂದ್ರ ಅದಕ್ಕೊಂದು ಹದ, ಒಂದು ಅನುಭವ..."

ಒಳಗೆ ಧಾರವಾಡ ಮಂಕಾಗುತ್ತ ಬಂದು ಸುಂಯ್ ಎಂದಿತು. ಅದರ ಹಿಂದೆಯೇ ಸೂಗಮ್ಮನ ದನಿ, ಯಾವ ತಂತಿಯ ಹಂಗೂ ಇಲ್ಲದೆ, ಸ್ಪಷ್ಟವಾಗಿ ಬಂತು:

"ಏನ್ರಿ! ಮಾತು ಆಮ್ಯಾಲ! ಮೊದಲ ಆ ಪಾತೇಲಿ ತೊಳೀರಿ!"

ನಾನು ಕುಕ್ಕರಿಸಿದೆ. ಶೌಕತ ಅಲಿಗೆ ಉತ್ತರ ಸಿಕ್ಕಿತು.