ಹುಲಿಗೆಮ್ಮನ ಜೊತೆ ಸಿಂಗಾಪುರಕ್ಕೆ

ಪಾಠ ಹೇಳುವ ಕಸುಬಿನಲ್ಲಿ ಒಂದು ಸುಖವಿದೆ. ನಾವು ನೋಡದೇ ಇರುವುದನ್ನು ನೋಡಿಬಂದವರಿಗಿಂತ ಚೆನ್ನಾಗಿ ವರ್ಣಿಸಬಹುದು. ಕೇಳುವವರೂ ಅದನ್ನು ನೋಡಿರುವುದಿಲ್ಲ. ಕುರುಗೋಡಿನ ಒಂದು ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನದ ಟೀಚರು. ಮಕ್ಕಳನ್ನು ಸಹಾರಾ ಮರುಭೂಮಿಯಲ್ಲಿ ಒಣಗಿಸಿ, ಪೆಸಿಫಿಕ್ ಸಾಗರದಲ್ಲಿ ನೆನೆಸಿ, ಗಂಟೆ ಹೊಡೆಯುವಷ್ಟರಲ್ಲಿ ಕ್ಷೇಮವಾಗಿ ಕುರುಗೋಡಿಗೆ ತಂದು ಬಿಡುತ್ತೇನೆ. ನಾನು ಕಣ್ಣಾರೆ ಕಂಡ ದೊಡ್ಡ ನೀರೆಂದರೆ ತುಂಗಭದ್ರಾ ಡ್ಯಾಮಿನದು. ದೊಡ್ಡ ಎತ್ತರವೆಂದರೆ ಬಳ್ಳಾರಿಯ ಕೋಟೆ ಗುಡ್ಡ; ಅದನ್ನು ಒಮ್ಮೆ ಹತ್ತಿ ಕೆಳಗೆ ನೋಡಿದಾಗ ತಲೆ ಸುತ್ತಿ ಕೂತವಳನ್ನು ನಮ್ಮ ಮನೆಯವರು ಕೈ ಹಿಡಿದು ಮಗುವಿನಂತೆ ಇಳಿಸಿದ್ದರು. ಸಂಡೂರಿನ ಘಾಟಿಯ ತಿರುವುಗಳ ವಿಷಯ ಬೇಡ, ಊಟದ ಹೊತ್ತಿನಲ್ಲಿ ಯಾರಾದರೂ ಇದನ್ನು ಓದುತ್ತಿರಬಹುದು. ಇಂಥವಳು ವಿಮಾನ ಹತ್ತಿ ಸಿಂಗಾಪುರಕ್ಕೆ ಹೋಗಿ ಬಂದೆ ಎಂದರೆ, ಅದಕ್ಕೆ ಹುಲಿಗೆಮ್ಮನೇ ಕಾರಣ.

ಹುಲಿಗೆಮ್ಮ ನಮ್ಮ ಶಾಲೆಯ ಹುಡುಗಿ. ಮನೆ ಸಿರುಗುಪ್ಪದಲ್ಲಿ, ಅಪ್ಪ ಅಲ್ಲಿನ ಅಕ್ಕಿ ಗಿರಣಿಯಲ್ಲಿ ಹಮಾಲ. ಓದಿಗೆಂದು ಕುರುಗೋಡಿನ ಸೋದರತ್ತೆಯ ಮನೆಯಲ್ಲಿದ್ದಳು. ಮಾತು ಕಡಿಮೆ. ಪ್ರಶ್ನೆ ಕೇಳಿದರೆ ಎದ್ದು ನಿಂತು ಉತ್ತರ ಹೇಳಿ, ಮೆಚ್ಚುಗೆಗೆ ಕಾಯದೆ ಕುಳಿತುಬಿಡುವಳು. ಅವಳು ಎಸ್ಸೆಸ್ಸೆಲ್ಸಿಯಲ್ಲಿ ಇಡೀ ತಾಲೂಕಿಗೆ ಮೊದಲು ಬಂದಳು. ಅದರಲ್ಲಿ ನನ್ನ ಪಾಲು ಎಷ್ಟೆಂದು ಎಲ್ಲರೂ ಕೇಳಿದರು. ಪ್ರಾಮಾಣಿಕವಾಗಿ ಹೇಳುವುದಾದರೆ, ಅವಳು ಓದುತ್ತಿದ್ದಾಗ ನಾನು ಅಡ್ಡ ಬರಲಿಲ್ಲ.

ಫಲಿತಾಂಶ ಬಂದ ಮೇಲೆ ಸನ್ಮಾನಗಳು ಶುರುವಾದವು. ನಮ್ಮ ಕಡೆ ಅಭಿನಂದನೆಯ ಬ್ಯಾನರಿನಲ್ಲಿ ಮುಖಂಡರ ಮುಖಗಳು ಕುಂಬಳಕಾಯಿ ಗಾತ್ರದಲ್ಲಿರುತ್ತವೆ, ಪಾಸಾದವರ ಮುಖ ಕೆಳಮೂಲೆಯಲ್ಲಿ ಹುಣಸೆಬೀಜದಷ್ಟು. ದಾರಿಯಲ್ಲಿ ಹೋಗುವವರಿಗೆ ಇಷ್ಟು ವಯಸ್ಸಾದ ಮೇಲೆ ಇವರೆಲ್ಲ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾದರೇನೋ ಎಂಬ ಅನುಮಾನ ಬರಬೇಕು. ಮೇ ತಿಂಗಳ ಬಳ್ಳಾರಿಯಲ್ಲಿ, ಫ್ಯಾನು ಕೂಡ ಬಿಸಿಗಾಳಿ ಕಾರುವ ಸಭಾಂಗಣದಲ್ಲಿ, ಮಕ್ಕಳಿಗೆ ದಪ್ಪ ಶಾಲು ಹೊದಿಸಿ ಭಾಷಣ ಮುಗಿಯುವ ತನಕ ಕೂರಿಸಿದರು. ಅಪರಾಧ ಮಾಡಿದವರಿಗೂ ಇಂಥ ಶಿಕ್ಷೆ ಇಲ್ಲ. ಬೆವರು ಒರೆಸಿಕೊಳ್ಳುತ್ತಿದ್ದ ಹುಲಿಗೆಮ್ಮನನ್ನು ನೋಡಿ ಒಬ್ಬ ಭಾಷಣಕಾರರು ಅದು ಆನಂದಬಾಷ್ಪವೆಂದು ಸಾರಿದರು. ಆ ವೇದಿಕೆಯಲ್ಲೇ, ಮೊದಲು ಬಂದ ಮಕ್ಕಳನ್ನೆಲ್ಲ ಶೈಕ್ಷಣಿಕ ಪ್ರವಾಸಕ್ಕೆ ಸಿಂಗಾಪುರಕ್ಕೆ ಕಳಿಸುವ ಘೋಷಣೆಯೂ ಆಯಿತು. ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ಮಂದಿ ವಿಮಾನ ಹತ್ತುವುದಕ್ಕೆ ನನ್ನ ವಿರೋಧ ಯಾವತ್ತೂ ಇಲ್ಲ.

ವಿರೋಧ ಬಂದದ್ದು ಸಿರುಗುಪ್ಪದಿಂದ. ಹುಲಿಗೆಮ್ಮನ ಅಜ್ಜಿ ಹನುಮಕ್ಕ ಒಲ್ಲೆ ಅಂದಿದ್ದಳು. ಆ ಮನೆಯಲ್ಲಿ ಅಪ್ಪ ಮೂಟೆ ಹೊರುತ್ತಾನೆ, ಮಿಕ್ಕದ್ದನ್ನೆಲ್ಲ ಹೊರುವವಳು ಹನುಮಕ್ಕ. ಒಪ್ಪಿಸಲು ನಾನೇ ಹೋದೆ. ಅಜ್ಜಿ ಬಾಗಿಲಲ್ಲಿ ಕುಳಿತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು.

"ಸಿಂಗಾಪುರ ಅಂದ್ರ ಯಾ ಕಡಿ ಬರ್ತೈತ್ರಿ ಟೀಚರ?" ಎಂದು ಕೇಳಿದಳು.

ನಾನು ಮೊರದ ಅಕ್ಕಿಯಲ್ಲೇ ಬೆರಳಿನಿಂದ ಸಮುದ್ರ ಬಿಡಿಸಿ, ಒಂದು ನೆಲ್ಲಿನ ಕಾಳನ್ನು ಸಿಂಗಾಪುರ ಮಾಡಿ ಇಟ್ಟೆ. ಅಲ್ಲಿನ ಸ್ವಚ್ಛತೆ, ಶಿಸ್ತು, ಎತ್ತರದ ಕಟ್ಟಡಗಳನ್ನು ವರ್ಣಿಸಿದೆ. ವಿಮಾನವೆಂದರೆ ಭಯವೇ ಇಲ್ಲ, ತೊಟ್ಟಿಲು ಇದ್ದಂತೆ ಎಂದೆ.

"ನೀವು ಹತ್ತೀರೇನು?"

"ಇಲ್ಲ."

"ಸಿಂಗಾಪುರ ನೋಡೀರೇನು?"

"ಇಲ್ರೀ ಅವ್ವ."

ಅಜ್ಜಿ ನನ್ನ ಸಿಂಗಾಪುರವನ್ನು ಎರಡು ಬೆರಳಲ್ಲಿ ಎತ್ತಿ ಹೊರಗೆ ಎಸೆದು, ಮೊರ ಕೇರತೊಡಗಿದಳು. "ನೋಡ್ರಿ ಟೀಚರ, ನಾನು ಓದಿದಾಕಿ ಅಲ್ಲ. ನೀವು ಜೊತೀಗೆ ಹೊಂಟ್ರ ಕಳಸ್ತೀನಿ. ನೀವು ಹೋಗಲಾರದ ಜಾಗಕ್ಕ ನಮ್ಮ ಹುಡುಗಿ ಯಾಕ ಹೋಗಬೇಕು?"

ಒಳಗಿನ ಬಾಗಿಲ ಸಂದಿಯಲ್ಲಿ ಹುಲಿಗೆಮ್ಮ ನಿಂತಿದ್ದಳು. ಏನನ್ನೂ ಕೇಳದ ಹುಡುಗಿ ಅಂದು ಕಣ್ಣಲ್ಲೇ ಕೇಳುತ್ತಿದ್ದಳು. ನನ್ನ ಬಾಯಿ ನನ್ನನ್ನು ಕೇಳದೆ "ಆತು, ನಾನೂ ಹೋಗ್ತೀನಿ" ಅಂದುಬಿಟ್ಟಿತು. ಹೇಗೂ ನನ್ನನ್ನು ಯಾರು ಆರಿಸುತ್ತಾರೆ ಎಂಬ ಧೈರ್ಯ ಒಳಗಿತ್ತು. ಆದರೆ ಹುಡುಗಿಯರ ಜೊತೆಗೆ ಒಬ್ಬ ಶಿಕ್ಷಕಿ ಬೇಕೇ ಬೇಕೆಂದು ಪ್ರವಾಸ ಏರ್ಪಡಿಸಿದವರೂ ಹುಡುಕುತ್ತಿದ್ದರಂತೆ. ಮಿಕ್ಕ ಟೀಚರುಗಳು ಒಬ್ಬೊಬ್ಬರು ಒಂದೊಂದು ಕಾರಣ ಹೇಳಿ ಪಾರಾಗಿದ್ದರು. ಜಾಣೆಯರು.

ನಮ್ಮ ಮನೆಯವರು ಬಳ್ಳಾರಿಯ ಒಂದು ಜೀನ್ಸ್ ಘಟಕದಲ್ಲಿ ಕಟಿಂಗ್ ಮಾಸ್ತರರು. ಅಳತೆ ಬಿಟ್ಟು ಒಂದು ಮಾತೂ ಹೆಚ್ಚು ಆಡದ ಮನುಷ್ಯ. ಹೊರಡುವ ಹಿಂದಿನ ದಿನ ನಾನು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ಕಟ್ಟುತ್ತ, "ವಿಮಾನ ಬಿದ್ರ ಏನ್ಮಾಡ್ತೀರಿ?" ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, "ಚಟ್ನಿ ಪುಡಿ ಎಲ್ಲಾ ತುಂಬಬ್ಯಾಡ. ಮನ್ಯಾಗ ಸ್ವಲ್ಪ ಇಟ್ಟು ಹೋಗು" ಅಂದರು.

ವಿಮಾನದಲ್ಲಿ ಹುಲಿಗೆಮ್ಮ ಕಿಟಕಿಯ ಪಕ್ಕ, ನಾನು ಅವಳ ಪಕ್ಕ. ಮಕ್ಕಳಿಗೆ ಧೈರ್ಯ ತುಂಬುವುದು ನನ್ನ ಕರ್ತವ್ಯವಾದ್ದರಿಂದ ಅವಳ ಕೈ ಹಿಡಿದುಕೊಂಡೆ. ವಿಮಾನ ನೆಲ ಬಿಟ್ಟು ಸಮುದ್ರದ ಮೇಲೆ ಬಂತು. ನಾನು ವರ್ಷಾನುಗಟ್ಟಲೆ ಬೋರ್ಡಿನ ಮೇಲೆ ನೀಲಿ ಸೀಮೆಸುಣ್ಣದಲ್ಲಿ ತುಂಬಿದ್ದ ಬಂಗಾಳ ಕೊಲ್ಲಿ ಕೊನೆಗೂ ನನ್ನ ಕೆಳಗೇ ಇತ್ತು. ನಾನು ಕಣ್ಣು ಮುಚ್ಚಿಕೊಂಡಿದ್ದೆ. "ಟೀಚರ್, ಕೈ ಸ್ವಲ್ಪ ಸಡ್ಲ ಬಿಡ್ರಿ, ಬಳಿ ಒಡೀತಾವ" ಎಂದು ಹುಲಿಗೆಮ್ಮ ಮೆಲ್ಲಗೆ ಹೇಳಿದಳು.

ಸಿಂಗಾಪುರದಲ್ಲಿ ಗೈಡು ಮೊದಲು ಮಾಡಿದ ಕೆಲಸವೆಂದರೆ ಊರಿನ ಸೆಖೆಗೆ ಕ್ಷಮೆ ಕೇಳಿದ್ದು. ನಮ್ಮ ಮಕ್ಕಳು ಮುಖ ಮುಖ ನೋಡಿಕೊಂಡರು. ಒಬ್ಬ ಹುಡುಗ ಆಗಲೇ ಸ್ವೆಟರ್ ಹಾಕಿಕೊಂಡಿದ್ದ. ವಿಜ್ಞಾನ ಕೇಂದ್ರ ನೋಡಿದೆವು, ಗಾಜಿನ ಮನೆಯೊಳಗಿನ ತೋಟ ನೋಡಿದೆವು. ಬಳಸಿದ ನೀರನ್ನು ಶುದ್ಧ ಮಾಡಿ ಮತ್ತೆ ಕುಡಿಯಲು ಕೊಡುವ ಬಗೆಯನ್ನು ಗೈಡು ಹೆಮ್ಮೆಯಿಂದ ವಿವರಿಸಿದಾಗ, ಹುಲಿಗೆಮ್ಮ ತಡವರಿಸುವ ಇಂಗ್ಲಿಷಿನಲ್ಲಿ, ಹೊಲಕ್ಕೂ ಅದೇ ನೀರು ಬಿಡುತ್ತೀರಾ ಎಂದು ಕೇಳಿದಳು. ನಮ್ಮಲ್ಲಿ ಹೊಲವೇ ಕಡಿಮೆ ಎಂದ ಆತ. ಅವಳಿಗೆ ಆ ಊರಿನ ಮೇಲೆ ಅಂದಿನಿಂದ ಒಂದು ಬಗೆಯ ಕನಿಕರ ಹುಟ್ಟಿತು. ಹೊಲವಿಲ್ಲದ ಪಾಪದ ಮಂದಿ.

ಮೆಟ್ರೋ ಹತ್ತುವ ಮೊದಲು ನಾನು ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ ಎಚ್ಚರಿಕೆ ಹೇಳಿದೆ. ಯಾರೂ ತಪ್ಪಿಸಿಕೊಳ್ಳಬಾರದು, ತಪ್ಪಿಸಿಕೊಂಡರೆ ಇದ್ದಲ್ಲೇ ಇರಬೇಕು, ಗಾಬರಿಯಾಗಬಾರದು. ಹುಡುಗರನ್ನು ಕರೆದುಕೊಂಡು ಇನ್ನೊಂದು ಶಾಲೆಯ ಪಿ.ಟಿ. ಮಾಸ್ತರರು ಗೈಡಿನ ಜೊತೆ ಮುಂದಿನ ಡಬ್ಬಿಯಲ್ಲಿದ್ದರು. ಸಿಂಗಾಪುರದಲ್ಲಿ ನಡೆಯುವ ಫೋನು ನಮ್ಮ ಪೈಕಿ ಇದ್ದದ್ದೂ ಮಾಸ್ತರರೊಬ್ಬರ ಬಳಿಯೇ. ಇಳಿಯುವ ನಿಲ್ದಾಣ ಬಂತು. ಎಲ್ಲರನ್ನೂ ಇಳಿಸಿಯೇ ತಾನು ಇಳಿಯಬೇಕೆಂಬ ಕ್ಯಾಪ್ಟನ್ನಿನ ಗತ್ತಿನಲ್ಲಿ ನಾನು ಹಿಂದೆ ನಿಂತು "ಇಳೀರಿ, ಇಳೀರಿ" ಅನ್ನುತ್ತಿದ್ದೆ. ಕೊನೆಯ ಹುಡುಗಿ ಇಳಿದಳು. ಅದೇ ಗಳಿಗೆಗೆ ನನ್ನ ಚೀಲದ ಜಿಪ್ಪು ಕಿತ್ತು ಚಟ್ನಿ ಪುಡಿಯ ಡಬ್ಬಿ ಕೆಳಗೆ ಉರುಳಿತು. ಬಗ್ಗಿ ಎತ್ತಿಕೊಂಡು ನೆಟ್ಟಗಾಗುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ನಾನು ನಮ್ಮ ಕಡೆ ಬಸ್ಸಿಗೆ ಬಡಿಯುವ ಹಾಗೆ ಬಾಗಿಲಿಗೆ ಬಡಿದು "ಹೋಲ್ಡಾನ್, ಹೋಲ್ಡಾನ್" ಅಂದೆ. ರೈಲು ಹೊರಟಿತು. ಕೂತವರೆಲ್ಲ ಮೊಬೈಲಿನಿಂದ ತಲೆ ಎತ್ತಿ ನೋಡಿ ಮತ್ತೆ ತಗ್ಗಿಸಿದರು. ಡ್ರೈವರನಿಗಾದರೂ ಹೇಳೋಣವೆಂದು ಕಂಬಿ ಹಿಡಿದು ಹಿಡಿದು ರೈಲಿನ ತುದಿಯವರೆಗೂ ನಡೆದೆ. ತುದಿಯಲ್ಲಿ ದೊಡ್ಡ ಗಾಜಿತ್ತು, ಗಾಜಿನಾಚೆ ಕತ್ತಲ ಸುರಂಗವಿತ್ತು. ಡ್ರೈವರ್ ಇರಲಿಲ್ಲ. ಆ ರೈಲು ಡ್ರೈವರಿಲ್ಲದೆ ಓಡುವಂಥದ್ದೆಂದು ಗೈಡು ಬೆಳಿಗ್ಗೆ ಹೇಳಿದ್ದನಂತೆ, ನಾನಾಗ ತಿಂಡಿ ತಿನ್ನುತ್ತಿದ್ದೆ. ನೆಲದೊಳಗೆ, ಪರದೇಶದಲ್ಲಿ, ಯಾರೂ ಓಡಿಸದ ರೈಲಿನಲ್ಲಿ ನಾನೊಬ್ಬಳೇ. ಮುಂದಿನ ನಿಲ್ದಾಣದಲ್ಲಿ ಇಳಿದು, ಇದ್ದಲ್ಲೇ ಇರದೆ, ಧಾರಾಳವಾಗಿ ಗಾಬರಿಯಾಗಿ, ಮೆಟ್ಟಿಲು ಹತ್ತಿ ಇಳಿದು ಇನ್ನೊಂದು ರೈಲು ಹಿಡಿದೆ. ಅದು ಬೇರೆಯೇ ಕಡೆಗೆ ಹೋಗುವ ರೈಲು. ದಿಕ್ಕುಗಳ ಪಾಠ ನಾನು ಎಂಟನೇ ತರಗತಿಯವರಿಗೆ ಹೇಳಿದ್ದೇನೆ.

ಆ ರೈಲಿನ ಕೊನೆಯ ನಿಲ್ದಾಣದಲ್ಲಿ ಒಂದು ಬೆಂಚಿನ ಮೇಲೆ ಡಬ್ಬಿ ಅವುಚಿಕೊಂಡು ಅಳುತ್ತ ಕೂತಿದ್ದೆ. ನನಗೆ ನನ್ನ ಚಿಂತೆಗಿಂತ, ಆ ಹುಡುಗಿಯರೇನಾದರು ಎಂಬ ಭಯ. ಹನುಮಕ್ಕನ ಮುಖ ಕಣ್ಣ ಮುಂದೆ ಬರುತ್ತಿತ್ತು. ಆಗ ಸಮವಸ್ತ್ರದ ಒಬ್ಬ ಅಧಿಕಾರಿ ಬಂದು, ಕೈಯಲ್ಲಿದ್ದ ಫೋನನ್ನೂ ನನ್ನನ್ನೂ ಹೊಂದಿಸಿ ಹೊಂದಿಸಿ ನೋಡಿದ. "ನಿಮ್ಮ ವಿದ್ಯಾರ್ಥಿನಿ ಬರೆಸಿದ ಗುರುತು" ಎಂದು ಫೋನನ್ನು ನನ್ನ ಮುಂದೆ ಹಿಡಿದ. ಅದರಲ್ಲಿ ಇಂಗ್ಲಿಷಿನಲ್ಲಿ ಹೀಗಿತ್ತು: ಭಾರತದ ಹೆಂಗಸು. ಕುಳ್ಳಗೆ, ದಪ್ಪಗೆ ಇದ್ದಾರೆ. ವಯಸ್ಸು ಅರವತ್ತು. ಹಸಿರು ಸೀರೆ. ಸಿಟ್ಟು ಬಂದವರಂತೆ ಕಾಣುತ್ತಾರೆ, ಆದರೆ ಹೆದರಿದ್ದಾರೆ. ದಯವಿಟ್ಟು ಮೆಲ್ಲಗೆ ಮಾತಾಡಿಸಿ.

ನನಗೆ ಐವತ್ತು ಕೂಡ ತುಂಬಿಲ್ಲ. ಆದರೂ ಕೊನೆಯ ಸಾಲು ಓದಿದ ಮೇಲೆ ವಯಸ್ಸಿನ ವಿಚಾರದಲ್ಲಿ ಜಗಳ ತೆಗೆಯುವ ಮನಸ್ಸಾಗಲಿಲ್ಲ.

ಅಧಿಕಾರಿ ನನ್ನನ್ನು ವಾಪಸ್ಸು ಕರೆದುಕೊಂಡು ಬಂದಾಗ ಹುಡುಗಿಯರೆಲ್ಲ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕುಳಿತಿದ್ದರು. ಬಾಗಿಲು ಮುಚ್ಚಿದ ಕೂಡಲೇ ಹುಲಿಗೆಮ್ಮ ಅವರನ್ನು ಅಲ್ಲಿ ಕೂರಿಸಿ, ಗಾಜಿನ ಕೌಂಟರಿಗೆ ಹೋಗಿ, ಪಿ.ಟಿ. ಮಾಸ್ತರರು ತಿರುಗಿ ನೋಡುವ ಮೊದಲೇ ದೂರು ಬರೆಸಿದ್ದಳು. ನನಗೆ ನೀರಿನ ಬಾಟಲಿ ಕೊಟ್ಟು, "ನಮ್ಮೊಳಗ ಒಬ್ಬಾಕಿ ಹಿಂದ ಉಳದಾಳ ಅಂತ ತಿಳದು ನೀವು ಇಳೀಲಿಲ್ಲ ಅಂತ ಪಿ.ಟಿ. ಸರಿಗೆ ಹೇಳೀನ್ರಿ ಟೀಚರ್" ಅಂದಳು. ನಾನು ಗಂಟಲು ಸರಿಮಾಡಿಕೊಂಡು, ಊರಲ್ಲಿ ಈ ವಿಷಯ ಯಾರೂ ಎತ್ತಬಾರದು ಎಂದು ಆಜ್ಞೆ ಮಾಡಿದೆ. ಮಕ್ಕಳು ತಲೆಯಾಡಿಸಿದರು.

ಮಾತನ್ನು ಉಳಿಸಿಕೊಂಡರು ಕೂಡ. ಊರಿಗೆ ಬಂದ ಮೇಲೆ ಸಿರುಗುಪ್ಪದಲ್ಲಿ ನನಗೂ ಒಂದು ಶಾಲು ಬಿತ್ತು. ಹುಲಿಗೆಮ್ಮ ಮೈಕಿನ ಮುಂದೆ ನಿಂತು, "ನಮ್ಮ ಟೀಚರು ನಮ್ಮನ್ನು ಬಹಳ ಜೋಪಾನ ಮಾಡಿದರು" ಎಂದು ಹೇಳಿ ಕುಳಿತಳು. ಅವಳು ನನ್ನ ಕಡೆ ನೋಡಲಿಲ್ಲ, ನಾನೂ ಅವಳ ಕಡೆ ನೋಡಲಿಲ್ಲ.

ಕಾರ್ಯಕ್ರಮ ಮುಗಿಸಿ ಅವರ ಮನೆಗೆ ಚಹಾಕ್ಕೆ ಹೋದಾಗ ಕಾಲೇಜಿನ ಮಾತು ಬಂತು. ಬಳ್ಳಾರಿಯಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ವಿಜ್ಞಾನ ಓದಬೇಕೆಂದು ಹುಲಿಗೆಮ್ಮನ ಆಸೆ. ಅವಳ ಅಪ್ಪ ತನ್ನ ತಾಯಿಯ ಮುಖ ನೋಡಿದ. ಹನುಮಕ್ಕ ತಲೆ ಅಲ್ಲಾಡಿಸಿದಳು.

"ಸಿಂಗಾಪುರಕ್ಕ ನೀವಿದ್ರಿ, ಕಳಿಸಿದೆ. ಬಳ್ಳಾರ್ಯಾಗ ಯಾರದಾರ? ಒಂದು ಬಸ್ಸು ತಪ್ಪಿದ್ರ, ಒಂದು ದಾರಿ ತಪ್ಪಿದ್ರ, ಈ ಬಾಯಿಲ್ಲದ ಹುಡುಗಿ ಏನು ಮಾಡ್ಯಾಳು? ಇಲ್ಲೇ ಹತ್ರ ಏನೈತಿ ಅದನ್ನ ಓದಲಿ. ಇಲ್ಲಾಂದ್ರ ಮನ್ಯಾಗ ಇರಲಿ."

ನಾನು ಹುಲಿಗೆಮ್ಮನನ್ನು ನೋಡಿದೆ. ಅಜ್ಜಿಯ ಪ್ರಶ್ನೆಗೆ ಉತ್ತರ ಅವಳ ಹತ್ತಿರವೇ ಇತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವಳು ತುಟಿ ಬಿಗಿಹಿಡಿದು ನೆಲ ನೋಡುತ್ತ ಕುಳಿತಿದ್ದಳು, ಕಣ್ಣು ತುಂಬಿತ್ತು, ಆದರೂ ಬಾಯಿ ಬಿಡಲಿಲ್ಲ. ನನ್ನ ಮರ್ಯಾದೆಗಾಗಿ ಆ ಹುಡುಗಿ ತನ್ನ ಕಾಲೇಜನ್ನೇ ಬಿಡಲು ತಯಾರಾಗಿದ್ದಳು. ನಾನು ಹೆಗಲ ಮೇಲಿನ ಶಾಲನ್ನು ತೆಗೆದು ಮಡಿಲಲ್ಲಿಟ್ಟುಕೊಂಡೆ.

"ಅವ್ವ, ಅಲ್ಲಿ ದಾರಿ ತಪ್ಪಿದಾಕಿ ಈಕಿ ಅಲ್ರೀ. ನಾನು" ಅಂದೆ.

ಡಬ್ಬಿ ಬಿದ್ದದ್ದು, ಬಾಗಿಲು ಮುಚ್ಚಿದ್ದು, ಡ್ರೈವರಿಲ್ಲದ ರೈಲು, ಫೋನಿನಲ್ಲಿದ್ದ ಗುರುತು, ಒಂದನ್ನೂ ಬಿಡದೆ ಹೇಳಿದೆ. ಹನುಮಕ್ಕ ಚಹಾದ ಲೋಟವನ್ನು ಕೈಯಲ್ಲೇ ಹಿಡಿದು ಕೇಳಿದಳು.

"ಅಂದ್ರ ನೀವು ಆಕಿನ್ನ ಕರಕೊಂಡು ಬರಲಿಲ್ಲ. ಆಕಿನೇ ನಿಮ್ಮನ್ನ ಕರಕೊಂಡು ಬಂದ್ಲು."

"ಹೌದ್ರೀ."

ಅಜ್ಜಿ ಮೊಮ್ಮಗಳ ಕಡೆ ತಿರುಗಿ, "ಲೇ ಹುಲಿಗಿ, ಟೀಚರು ಅತ್ರೇನು?" ಎಂದು ಕೇಳಿದಳು.

ಹುಲಿಗೆಮ್ಮ ನನ್ನನ್ನು ನೋಡಿ, "ಸ್ವಲ್ಪ" ಅಂದಳು.

"ಸ್ವಲ್ಪ ಅಲ್ಲ" ಅಂದೆ ನಾನು.

ಹನುಮಕ್ಕ ನಗಲು ಶುರುಮಾಡಿದಳು. ಲೋಟದ ಚಹಾ ಸೀರೆಯ ಮೇಲೆ ಚೆಲ್ಲಿತು, ಆದರೂ ನಗು ನಿಲ್ಲಲಿಲ್ಲ. ಕೊನೆಗೆ ಸೆರಗಿನಿಂದ ಕಣ್ಣೊರೆಸಿಕೊಂಡು ಮಗನಿಗೆ ಹೇಳಿದಳು: "ನಾಳಿ ಬಳ್ಳಾರಿಗೆ ಹೋಗಿ ಆಕಿ ಹೆಸರು ಹಚ್ಚಿ ಬಾ. ಇಷ್ಟು ದೊಡ್ಡ ಟೀಚರನ್ನ ಪರದೇಶದಾಗ ಹುಡುಕಿ ತಂದಾಕಿ, ಬಳ್ಳಾರ್ಯಾಗ ತಾನು ಕಳೀತಾಳೇನು?"

ಹುಲಿಗೆಮ್ಮ ಈಗ ಬಳ್ಳಾರಿಯಲ್ಲಿ ಓದುತ್ತಿದ್ದಾಳೆ. ಭಾನುವಾರ ಒಮ್ಮೊಮ್ಮೆ ನಮ್ಮ ಮನೆಗೆ ಬಂದು ಊಟ ಮಾಡಿ ಹೋಗುತ್ತಾಳೆ. ಮೊದಲಿಗಿಂತ ಎರಡು ಮಾತು ಹೆಚ್ಚು ಆಡುತ್ತಾಳೆ. ನನ್ನ ಕಥೆ ಮಾತ್ರ ಸಿರುಗುಪ್ಪದಲ್ಲಿ ನಿಲ್ಲಲಿಲ್ಲ. ಹನುಮಕ್ಕ ಅದನ್ನು ಗಿರಣಿಯಲ್ಲಿ ಹೇಳಿದಳು, ಕುರುಗೋಡಿನ ಮಗಳಿಗೆ ಹೇಳಿದಳು, ಮಗಳು ಇಡೀ ಓಣಿಗೆ ಹೇಳಿದಳು. ನಮ್ಮ ಮನೆಯವರಿಗೆ ಅದು ಮುಟ್ಟಿದ್ದು ಜೀನ್ಸ್ ಘಟಕದ ಒಬ್ಬ ಟೈಲರನಿಂದ. ಅವರು ಮನೆಗೆ ಬಂದು, "ಡಬ್ಬಿ ಸಿಕ್ತಲ್ಲ" ಎಂದಷ್ಟೇ ಕೇಳಿದರು. ಈಗ ತರಗತಿಯಲ್ಲಿ ನಾನು ನಕ್ಷೆಯ ಮೇಲೆ ಕೋಲಿಟ್ಟರೆ ಹಿಂದಿನ ಬೆಂಚಿಗೆ ಕೆಮ್ಮು ಬರುತ್ತದೆ. ದಿನಾ ನಾನು ಬಳ್ಳಾರಿಯ ಮನೆಯಿಂದ ಶಾಲೆಗೆ ಹೋಗುವ ಕಂಪ್ಲಿ ಬಸ್ಸಿನ ಕಂಡಕ್ಟರಂತೂ ಕುರುಗೋಡು ಬಂದ ಕೂಡಲೇ ನನ್ನ ಸೀಟಿನ ಬಳಿ ಬಂದು, "ಟೀಚರ, ನಿಮ್ಮ ಊರು ಬಂತ್ರಿ, ಇಳಕೊಳ್ರಿ" ಎಂದು ಬಹಳ ಮೆಲ್ಲಗೆ ಹೇಳುತ್ತಿದ್ದ. ಬಸ್ಸಿನವರೆಲ್ಲ ನಗುತ್ತಿದ್ದರು. ಇಷ್ಟು ವರ್ಷ ಇದೇ ದಾರಿಯಲ್ಲಿ ಓಡಾಡಿದವಳಿಗೆ ಇವನು ಊರು ತೋರಿಸಬೇಕೇ ಎಂದು ನನಗೆ ಮೈ ಉರಿಯುತ್ತಿತ್ತು. ಮೊನ್ನೆ ಅವನು ರಜೆ ಹಾಕಿದ್ದ. ಅವನ ಬದಲಿಗೆ ಹೊಸಬನೊಬ್ಬ ಬಂದಿದ್ದ; ಪಾಪ, ಅವನಿಗೆ ಕಥೆ ಗೊತ್ತಿರಲಿಲ್ಲ. ಕಿಟಕಿಗೆ ತಲೆ ಕೊಟ್ಟು ಹಾಯಾಗಿ ಕುಳಿತೆ. ಕಣ್ಣು ಬಿಟ್ಟಾಗ ಕಂಪ್ಲಿ ಬಂದಿತ್ತು.