ಕಾಕಾನ ಕಾರವಾರದ ಆಟ

ಗದಗಿನಲ್ಲಿ ಸಮುದ್ರವಿಲ್ಲ ಎಂಬ ಸಂಗತಿಯನ್ನು ನಮ್ಮ ಕಾಕಾ ಕೊನೆಯವರೆಗೂ ಒಪ್ಪಿಕೊಳ್ಳಲಿಲ್ಲ. ಎಲ್ಲರೂ ತಲೆಗೆ ವಲ್ಲಿ ಸುತ್ತಿಕೊಂಡು ಓಡಾಡುವ ಬೆಟಗೇರಿಯ ಪೇಟೆಯಲ್ಲಿ ಅವನು ಬಿಳಿ ಚಡ್ಡಿ, ಬಿಳಿ ಬನಿಯನ್, ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡು ಸೈಕಲ್ಲಿನ ಮೇಲೆ ಹೋಗುತ್ತಿದ್ದ. ಇನ್ನೇನು ಮುಂದಿನ ತಿರುವಿನಲ್ಲಿ ತೆರೆ ಬಂದು ಕಾಲಿಗೆ ಬಡಿಯುತ್ತದೆ ಎನ್ನುವ ಗತ್ತು! ಬಡಿಯುತ್ತಿದ್ದುದು ಎಮ್ಮೆಯ ಬಾಲ. ಇಂಥ ಮನುಷ್ಯ ಬೇರೆಯವರ ಮನೆಯಲ್ಲಿದ್ದರೆ ನಗಬಹುದು. ನಮ್ಮ ಮನೆಯಲ್ಲೇ ಇದ್ದರೆ? ನನ್ನ ಹರೆಯದ ಬಹುಪಾಲು ನಾಚಿಕೆಯಲ್ಲೇ ಹೋಯಿತು ನೋಡಿ.

ನಮ್ಮದು ಹತ್ತಿ ವ್ಯಾಪಾರದ ಮನೆತನ. ಮನೆ, ಅದರ ಹಿಂದೆ ಹಿತ್ತಲು, ಹಿತ್ತಲಿಗೆ ಅಂಟಿಕೊಂಡು ಹತ್ತಿ ತುಂಬಿಡುವ ವಖಾರಿ. ಅಪ್ಪನ ಒಬ್ಬನೇ ತಮ್ಮ ಈ ಕಾಕಾ. ಮದುವೆಯಾಗಲಿಲ್ಲ. ವ್ಯಾಪಾರ ಕಲಿತು ಬರಲಿ ಎಂದು ಅಜ್ಜ ಅವನನ್ನು ಎಪ್ಪತ್ತರ ದಶಕದ ಕೊನೆಯಲ್ಲಿ ಕಾರವಾರದ ಒಬ್ಬ ಪರಿಚಯದ ವ್ಯಾಪಾರಿಯ ಬಳಿ ಎರಡು ವರ್ಷ ಬಿಟ್ಟಿದ್ದ. ವ್ಯಾಪಾರ ಬರಲಿಲ್ಲ, ಆಟ ಬಂತು. ಬಂದರಿನ ಹತ್ತಿರ ಯಾವುದೋ ಹಡಗಿನ ಮಂದಿ ಕಲಿಸಿ ಹೋದ ಆಟವಂತೆ. ಹೆಸರು ಪ್ಯಾಡಲ್. ಸುತ್ತ ಗೋಡೆ, ನಡುವೆ ಬಲೆ, ಆ ಕಡೆ ಇಬ್ಬರು, ಈ ಕಡೆ ಇಬ್ಬರು, ಕೈಯಲ್ಲಿ ತೂತು ಕೊರೆದ ಕಟ್ಟಿಗೆಯ ಬ್ಯಾಟು.

"ಗ್ವಾಡಿಗೆ ಬಡಿದ್ರ ಚೆಂಡು ಔಟ್ ಅಲ್ಲ, ತಿಳಿತಿಲ್ಲೋ? ನೆಲಕ್ಕ ಒಂದ ಸಲ ಪುಟೀಬೇಕು, ಆಮ್ಯಾಲ ಗ್ವಾಡಿಗೆ ಬಡದು ತಿರುಗಿ ಬಂದ್ರೂ ಹೊಡೀಬಹುದು. ಮೊದಲ ಚೆಂಡು ಮಾತ್ರ ನಡಕ್ಕಿಂತ ಕೆಳಗಿಂದನ ಹೊಡೀಬೇಕು," ಎಂದು ಅವನು ಊಟದ ಹೊತ್ತಿನಲ್ಲಿ ಸೌಟು ಹಿಡಿದು ತೋರಿಸುತ್ತಿದ್ದ. ಸೌಟಿನಲ್ಲಿ ಸಾರಿರುತ್ತಿತ್ತು. ಸಾರು ಗೋಡೆಗೆ ಬಡಿಯುತ್ತಿತ್ತು, ತಿರುಗಿ ಬರುತ್ತಿರಲಿಲ್ಲ.

ಕಾರವಾರದಿಂದ ಬರುವಾಗ ಅವನು ಅಜ್ಜಿಗೆ ಸೀರೆ ತರಲಿಲ್ಲ, ಮೀನು ಹಿಡಿಯುವ ಬಲೆ ತಂದ. ಉಳ್ಳಾಗಡ್ಡಿ ಹೆಚ್ಚಿದ ಚೂರಿಯನ್ನೂ ಸೋಮವಾರ ಒಳಗೆ ತರಗೊಡದ ಅಜ್ಜಿ ಬಾಗಿಲಲ್ಲೇ ಅಡ್ಡ ನಿಂತಳು.

"ಹೊಸಾ ಬಲಿ ಐತವ್ವಾ. ಒಂದು ಮೀನಾನೂ ಮುಟ್ಟಿಲ್ಲ ಇದನ್ನ," ಎಂದ ಕಾಕಾ.

"ಮೀನ ಮುಟ್ಟಿರಲಿಕ್ಕಿಲ್ಲ. ಅದು ಹುಟ್ಟಿದ್ದ ಮೀನ ಮುಟ್ಟಾಕಲ್ಲೇನೋ?" ಎಂದಳು ಅಜ್ಜಿ.

ಕೊನೆಗೆ ಬಲೆಯನ್ನು ಸೀಗೆಕಾಯಿ ಹಾಕಿ ಮೂರು ಸಲ ತೊಳೆದು, ಬಿಸಿಲಿಗೆ ಒಣಗಿಸಿ, ನಾಲ್ಕೂ ಮೂಲೆಗೆ ವಿಭೂತಿ ಹಚ್ಚಿ ಹಿತ್ತಲಿಗೆ ಬಿಟ್ಟರು. ಜಗತ್ತಿನಲ್ಲಿ ವಿಭೂತಿ ಧರಿಸಿದ ಮೀನಿನ ಬಲೆ ಅದೊಂದೇ ಇರಬೇಕು. ಅದನ್ನು ಹಿತ್ತಲಿನ ನಡುವೆ ಕಟ್ಟಿದ್ದಾಯಿತು. ಒಂದು ಕಡೆ ಮನೆಯ ಗೋಡೆ, ಎದುರಿಗೆ ವಖಾರಿಯ ಗೋಡೆ, ಎರಡೂ ಬದಿಗೆ ಕಾಂಪೌಂಡು. ನೆಲ ಸಮ ಮಾಡಲು ಕಾಕಾ ಕುರ್ತಕೋಟಿಯಿಂದ ಚಕ್ಕಡಿಗಟ್ಟಲೆ ಎರೆಮಣ್ಣು ತರಿಸಿ ಹರವಿದ. ಎರೆಮಣ್ಣಿನ ಗುಣ ಗೊತ್ತಿದ್ದವರ್ಯಾರಾದರೂ ಹಾಗೆ ಮಾಡುತ್ತಾರೆಯೇ? ಬೇಸಿಗೆ ಬಂದದ್ದೇ ನೆಲ ಬಾಯಿ ಬಿಟ್ಟಿತು. ಪುಟಿಯಬೇಕಾದ ಚೆಂಡು ಬಿರುಕಿನೊಳಗೆ ಇಳಿದುಹೋಗುತ್ತಿತ್ತು. ಕಾಕಾ ಮಣಕಾಲೂರಿ ಕುಳಿತು ಕಡ್ಡಿಯಿಂದ ಕೆದರಿ ತೆಗೆಯುತ್ತಿದ್ದ, "ಕಾರವಾರದಾಗ ಹಿಂಗ ಇದ್ದಿದ್ದಿಲ್ಲ," ಎಂದು ಗೊಣಗುತ್ತಿದ್ದ.

ಆಟಕ್ಕೆ ನಾಲ್ವರು ಬೇಕು. ಇದೇ ಅವನ ಜೀವನದ ದೊಡ್ಡ ಕೊರಗು. ವಖಾರಿಯ ಇಬ್ಬರು ಹಮಾಲರು ಅವನ ಮೇಲಿನ ಪ್ರೀತಿಗೆ ಆಡಲು ಒಪ್ಪಿದ್ದರು. ಕಾಕಾ ಸೇರಿ ಮೂವರು. ನಾಲ್ಕನೆಯವರು ಸಿಗಲೇ ಇಲ್ಲ. ಅಪ್ಪ ಕಣ್ಣು ಕೆಂಪು ಮಾಡಿದ, ಅವ್ವ ನಕ್ಕು ಒಳಗೆ ಹೋದಳು. ಕಾಕಾ ಬಿಡುತ್ತಾನೆಯೇ? ಒಮ್ಮೆ ಮುಂಡರಗಿಯಿಂದ ಹತ್ತಿ ಹೇರಿಕೊಂಡು ಬಂದ ಒಬ್ಬ ಹಿರಿಯ ರೈತನನ್ನೇ ಹಿಡಿದ.

"ತೂಕಾ ಆಮ್ಯಾಲ ಮಾಡೂಣು ಬರ್ರಿ. ಮೊದಲ ಒಂದು ಆಟ ಆಡ್ರಿ."

ಆ ಪುಣ್ಯಾತ್ಮ ಧೋತರದ ಕಚ್ಚೆ ಬಿಗಿದು, ಕೊಡಲಿ ಬೀಸುವ ಹಾಗೆ ಬ್ಯಾಟು ಬೀಸಿದ. ಚೆಂಡು ವಖಾರಿಯ ತಗಡು ದಾಟಿ, ಓಣಿ ದಾಟಿ, ಯಾರ ಮನೆಯ ಮಾಳಿಗೆ ಸೇರಿತೋ ಶಿವನೇ ಬಲ್ಲ. ರೈತ ಬ್ಯಾಟನ್ನು ನೆಲಕ್ಕಿಟ್ಟು, ಕೈ ಝಾಡಿಸಿ, "ಆತಲ್ರಿ? ಇನ್ನ ತೂಕಾ ಮಾಡ್ರಿ," ಎಂದ. ಮುಂದಿನ ಸುಗ್ಗಿಗೆ ಅವನ ಚಕ್ಕಡಿ ಬೇರೆಯವರ ವಖಾರಿಯ ಮುಂದೆ ನಿಂತಿತ್ತು.

ಹೀಗಾಗಿ ಕಾಕಾನ ಕಣ್ಣು ನನ್ನ ಮೇಲೆ ಬಿತ್ತು. ನಾನು ಆಗ ಗದಗಿನ ಕಾಲೇಜಿಗೆ ಹೋಗುತ್ತಿದ್ದೆ. ಎರಡು ಜಡೆ ಬಿಟ್ಟು ಒಂದು ಜಡೆ ಹಾಕತೊಡಗಿದ ವಯಸ್ಸು, ಅಂದರೆ ಜಗತ್ತೆಲ್ಲ ನನ್ನನ್ನೇ ನೋಡುತ್ತದೆ ಎಂದು ನಂಬಿದ ವಯಸ್ಸು. ಒಂದು ದಿನ ಗೆಳತಿಯರೊಂದಿಗೆ ಕಾಲೇಜಿನ ಗೇಟಿನಿಂದ ಹೊರಬರುತ್ತಿದ್ದೇನೆ, ಎದುರಿಗೆ ಸೈಕಲ್, ಸೈಕಲ್ಲಿಗೆ ಕಟ್ಟಿದ ಎರಡು ಬ್ಯಾಟು, ಮೇಲೆ ಬಿಳಿ ಚಡ್ಡಿ.

"ಏ ತಂಗೀ, ಜಲ್ದಿ ಬಾ. ಇವತ್ತ ನಾಕನೇದಾಕಿ ನೀನ."

"ಯಾರಬೇ ಅಂವ?" ಎಂದು ಪಕ್ಕದವಳು ಮುಸಿಮುಸಿ ನಕ್ಕಳು.

ನಾನು ಏನು ಹೇಳಿದೆ ಗೊತ್ತೇ? "ನಮ್ಮ ವಖಾರಿ ಹಮಾಲ" ಎಂದೆ. ಮೆಲ್ಲಗೇ ಹೇಳಿದ್ದೆ. ಕಾಕಾನಿಗೆ ಕೇಳಿಸಿತ್ತು. ಅವನು ಸೈಕಲ್ಲಿನಿಂದ ಇಳಿದು, ರಟ್ಟೆ ಮುಟ್ಟಿಕೊಂಡು, ನನ್ನ ಗೆಳತಿಯರ ಕಡೆ ತಿರುಗಿ ನಕ್ಕ.

"ಹೌದ್ರೆವ್ವಾ. ಹತ್ತಿ ಅಂಡಿಗಿ ಎತ್ತಿ ಎತ್ತಿ ರಟ್ಟಿ ಹಿಂಗಾಗ್ಯಾವ. ಸಾವಕಾರ್ರು ಮಗಳನ್ನ ಕರಕೊಂಡು ಬಾ ಅಂದಿದ್ರು, ಬಂದೆ."

ಮನೆಯವರೆಗೂ ಸೈಕಲ್ ತಳ್ಳಿಕೊಂಡು ನನ್ನ ಹಿಂದೆ ನಾಲ್ಕು ಮಾರು ದೂರದಲ್ಲಿ ನಡೆದುಬಂದ, ಹಮಾಲ ಬರುವ ಹಾಗೆಯೇ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ, ಈಗಲೂ ಮುಖ ಬಿಸಿಯಾಗುತ್ತದೆ.

ಅಷ್ಟಕ್ಕೇ ನಿಲ್ಲಿಸಿದೆನೇ? ಇಲ್ಲ. ಲಕ್ಷ್ಮೇಶ್ವರದ ಒಂದು ಮನೆತನದವರು ನನ್ನನ್ನು ನೋಡಲು ಬರುತ್ತಾರೆಂದು ಖಬರು ಬಂತು. ಹಿಂದಿನ ದಿನ ಕಾಕಾನ ಹತ್ತಿರ ಹೋಗಿ ನಾನೇ ಹೇಳಿದೆ, "ಕಾಕಾ, ನಾಳೆ ನೀ ಮನಿಯಾಗ ಇರಬ್ಯಾಡ. ಅವರ ಮುಂದ ನನಗ ನಾಚಿಕಿ ಆಗ್ತೈತಿ."

ಅವನು ಚೆಂಡನ್ನು ಚಡ್ಡಿಗೆ ಒರೆಸಿದ. "ಆತು ತಂಗಿ. ನಾ ಸಿಂಗಟಾಲೂರಿಗೆ ಹೋಗಿ ಬರ್ತೀನಿ. ಹೊಳಿ ನೋಡಿ ಭಾಳ ದಿನಾ ಆತು," ಎಂದ.

ಮರುದಿನ ಅವನು ಇರಲಿಲ್ಲ. ಆದರೆ ಅವನ ಕೆಲಸ ಇತ್ತಲ್ಲ! ಗಂಡಿನ ಕಡೆಯವರು ಊಟಕ್ಕೆ ಏಳಬೇಕು, ಅವ್ವ ಮಣೆ ತರಲು ಅಟ್ಟ ಹತ್ತಿದಳು. ಸಾಗವಾನಿಯ ಆರು ಮಣೆ ಇರಬೇಕಾದಲ್ಲಿ ಎರಡೇ ಇದ್ದವು. ಉಳಿದ ನಾಲ್ಕು ಎಲ್ಲಿ? ಅವ್ವನಿಗೆ ಆಗ ಹೊಳೆಯಿತು. ಕಾರವಾರದಿಂದ ಬಂದ ಹೊಸದರಲ್ಲೇ ಕಾಕಾ ಅವನ್ನು ಬಡಿಗನ ಹತ್ತಿರ ಒಯ್ದು, ಕೊಯ್ಯಿಸಿ, ಹಿಡಿಕೆ ಮಾಡಿಸಿ, ತೂತು ಕೊರೆಸಿ, ಬ್ಯಾಟು ಮಾಡಿಕೊಂಡಿದ್ದ. ಇಷ್ಟು ದಿನ ನಾವೆಲ್ಲ ನೋಡಿ ನಗುತ್ತಿದ್ದ ಬ್ಯಾಟುಗಳು ನಮ್ಮ ಮನೆಯ ಮಣೆಗಳೇ ಆಗಿದ್ದವು.

ಮಣೆ ಇಲ್ಲದೆ ಬೀಗರನ್ನು ಬರಿ ನೆಲಕ್ಕೆ ಕೂಡಿಸುವುದೇ? ಅವ್ವ ಧೈರ್ಯವಂತೆ. ನಾಲ್ಕೂ ಬ್ಯಾಟು ತೊಳೆದು, ಹಿಡಿಕೆಯನ್ನು ಗೋಡೆಯ ಕಡೆ ಮಾಡಿ ಹಾಕಿ, ಮೇಲೆ ಟವೆಲು ಹಾಸಿದಳು. ಗಂಡಿನ ಅಪ್ಪ ದೊಡ್ಡ ಆಳು. ಕುಳಿತರು, ಒಮ್ಮೆ ಎಡಕ್ಕೆ ವಾಲಿದರು, ಒಮ್ಮೆ ಬಲಕ್ಕೆ. ಹೋಳಿಗೆ ಮುಗಿಯುವ ಹೊತ್ತಿಗೆ ಟವೆಲು ಸರಿದಿತ್ತು. ಅವರು ಬಗ್ಗಿ ನೋಡಿದರು.

"ಅಕ್ಕಾರ, ನಿಮ್ಮ ಕಡೆ ಮಣಿಗೆ ಹಿಡಕಿ ಇರ್ತೈತೇನ್ರಿ?"

"ಹೌದ್ರಿ. ಎತ್ತಿಡಾಕ ಅನುಕೂಲ ಆಗ್ತೈತಿ," ಎಂದಳು ಅವ್ವ, ಮುಖದ ಮೇಲೆ ಒಂದು ಗೆರೆಯೂ ಅಲುಗದೆ.

"ಮತ್ತ ಈ ತೂತು?"

"ಕುಂತವರಿಗೆ ಸೆಕಿ ಆಗಬಾರದಂತ್ರಿ."

ಅವರು ತಲೆದೂಗಿದರು. "ಚೊಲೋ ವಿಚಾರ ಐತಿ. ನಮ್ಮ ಮನ್ಯಾಗೂ ಮಾಡಸ್ಬೇಕು," ಎಂದರು. ಒಳಗೆ ಬಾಗಿಲ ಹಿಂದೆ ನಿಂತ ನನಗೆ ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಲಿ ಎನಿಸುತ್ತಿತ್ತು.

ಆದರೂ ಮದುವೆ ಕೂಡಿತು. ಬೀಗರು ಹೊರಟ ಮೇಲೆ, ಸಂಜೆ, ವಖಾರಿಯ ಬಾಗಿಲು ಕಿರುಗುಟ್ಟಿತು. ಕಾಕಾ ಹೊರಗೆ ಬಂದ. ತಲೆ, ಹುಬ್ಬು, ಮೀಸೆಯ ತುಂಬ ಹತ್ತಿ. ಸಿಂಗಟಾಲೂರಿಗೆ ಹೋಗಿರಲೇ ಇಲ್ಲ, ಬೆಳಗಿನಿಂದ ಹತ್ತಿ ಮೂಟೆಗಳ ಸಂದಿಯಲ್ಲಿ ಕುಳಿತಿದ್ದ. "ಮದವಿ ಕೂಡ್ತೇನವಾ?" ಎಂದು ಅವ್ವನನ್ನು ಕೇಳಿದ. ಹುಡುಗನಿಗೆ ಕೆಲಸ ಕಾರವಾರದಲ್ಲಿ ಎಂದು ತಿಳಿದದ್ದೇ ಊಟವನ್ನೂ ಮರೆತು ಕುಣಿದಾಡಿದ. ನಾನು ಅವನಿಗೆ ಊಟಕ್ಕೆ ಬಡಿಸಬಹುದಿತ್ತು. ನಾಚಿಕೆಯಿಂದ ಅವನೆದುರಿಗೇ ಹೋಗಲಿಲ್ಲ.

ಮದುವೆಯಾಗಿ ಹೊರಟಾಗ ಅವನು ನನ್ನ ಟ್ರಂಕಿನಲ್ಲಿ ಒಂದು ಕಾಗದ ಇಟ್ಟ. ಕಾರವಾರದಲ್ಲಿ ಎಲ್ಲಿ ಆಡಬೇಕು, ಹೇಗೆ ಆಡಬೇಕು, ಎಲ್ಲಾ ಬರೆದಿದ್ದ. ಬಸ್ಸು ಇಳಿದು ಕಡಲ ಕಡೆ ನಡಿ, ಬಂದರದ ದಾರಿ ಹಿಡಿ, ಹಂಚಿನ ಮೂರು ಗೋದಾಮು ದಾಟು. ಸಂಜಿ ಐದಕ್ಕ ಹೋಗು, ಅದಕ್ಕಿಂತ ಮೊದಲು ಗಾಳಿ ಚೆಂಡನ್ನ ಹೊತ್ತೊಯ್ಯತೈತಿ. ಮಳಿಗಾಲದಾಗ ಗ್ವಾಡಿ ಹಸಿ ಇರ್ತೈತಿ, ಚೆಂಡು ಜಾರತೈತಿ, ಹುಷಾರು. ಕಾವಲಿನವಗ ನನ್ನ ಹೆಸರು ಹೇಳು, ಒಳಗ ಬಿಡ್ತಾನ. ಕಾಗದವನ್ನು ಸೀರೆಗಳ ತಳಕ್ಕೆ ತುರುಕಿದೆ. ಹೊಸ ಗಂಡನಿಗೆ ಇದನ್ನು ತೋರಿಸಲೇ?

ಏಳೆಂಟು ತಿಂಗಳ ಮೇಲೆ ಅದು ಅವರ ಕೈಗೇ ಸಿಕ್ಕಿತು. ಓದಿ ನಕ್ಕರು, ಆದರೆ ಕೆಟ್ಟ ನಗು ಅಲ್ಲ. "ಇಷ್ಟ ಬರದಾರ, ಒಮ್ಮೆ ನೋಡ್ಕೊಂಡರ ಬರೂಣ ನಡಿ," ಎಂದರು. ಒಂದು ಭಾನುವಾರ ಹೋದೆವು. ಮೂರು ಗೋದಾಮು ದಾಟಿದ ಮೇಲೆ ಜಾಗ ಸಿಕ್ಕಿತು. ಗೋಡೆಗಳಿದ್ದವು, ಬಲೆ ಇರಲಿಲ್ಲ. ಆಡುವವರು ಬಿಟ್ಟು ಹೋಗಿ ವರ್ಷಗಳೇ ಆಗಿದ್ದವಂತೆ. ಮುದುಕ ಕಾವಲುಗಾರ ಇನ್ನೂ ಇದ್ದ. ಕಾಕಾನ ಹೆಸರು ಹೇಳಿದೆ.

"ಓ, ಗದಗದವ್ರು. ಗೊತ್ತುಂಟಲ್ಲ. ಅಗಾ, ಆ ಕಲ್ಲಿನ ಮೇಲೆ ಕೂತ್ಕಳ್ತಿದ್ರು."

"ಆಡಿದ ಮೇಲೆಯೋ?" ಎಂದೆ.

"ಆಡೋದಾ? ಅವ್ರನ್ನ ಯಾರು ಕರೀತಿದ್ರು ಅಮ್ಮ? ಎಲ್ಲ ದೊಡ್ಡ ಸಾಹೇಬ್ರು. ಇವ್ರು ದಿನಾ ಬರ್ತಿದ್ರು, ಹೊರಗೆ ಕೂತು ನೋಡ್ತಿದ್ರು. ಚೆಂಡು ಗೋಡೆ ಹಾರಿ ಬಿದ್ರೆ ಓಡಿ ತಂದು ಕೊಡ್ತಿದ್ರು. ಯಾರಾದ್ರೂ ಒಬ್ರು ಬರ್ದಿದ್ರೆ ಕರೀತಾರೇನೋ ಅಂತ ಬೂಟು ಹಾಕ್ಕೊಂಡೇ ಬರ್ತಿದ್ರು. ಎರಡು ವರ್ಷ. ಒಂದಿನಾನೂ ಕರೀಲಿಲ್ಲ."

ನಾನು ಆ ಕಲ್ಲಿನ ಮೇಲೆ ಕುಳಿತು ಅತ್ತೆ. ಗಂಡ ಏನೂ ಕೇಳದೆ ಕಡಲು ನೋಡುತ್ತ ನಿಂತರು. ಕಾರವಾರದ ಸಾಹೇಬರು ಅವನನ್ನು ಗುರುತಿರದೆ ಹೊರಗಿಟ್ಟರು. ನಾನು ಗುರುತಿದ್ದೂ ಹೊರಗಿಟ್ಟಿದ್ದೆ.

ಆ ವರ್ಷ ನಾಗರ ಪಂಚಮಿಗೆ ತವರಿಗೆ ಹೋದೆ. ಹೋದ ಸಂಜೆಯೇ ಸೀರೆಯನ್ನು ಮೇಲಕ್ಕೆ ಸಿಕ್ಕಿಸಿ, ಒಂದು ಬ್ಯಾಟು ಎತ್ತಿಕೊಂಡು ಹಿತ್ತಲಿಗೆ ಇಳಿದೆ. ಅಜ್ಜಿ ಕಿಟಕಿಯಿಂದ "ಶಿವನ, ಶಿವನ" ಎಂದಳು. ಹಮಾಲರಿಬ್ಬರೂ ಓಡಿಬಂದರು. ಅವರಲ್ಲೊಬ್ಬ ನನ್ನ ಪಕ್ಕ, ಇನ್ನೊಬ್ಬ ಬಲೆಯ ಆಚೆ ಕಾಕಾನ ಪಕ್ಕ ನಿಂತ. ಕಾರವಾರದ ಸುದ್ದಿಯನ್ನು ನಾನು ಎತ್ತಲಿಲ್ಲ, ಅವನೂ ಕೇಳಲಿಲ್ಲ.

ಅವನು ಹೇಳಿಕೊಟ್ಟ ಹಾಗೆಯೇ ಸೊಂಟಕ್ಕಿಂತ ಕೆಳಗಿನಿಂದ ಚೆಂಡು ಹೊಡೆದೆ. ಬಲೆ ದಾಟಿತು, ನೆಲಕ್ಕೆ ಪುಟಿಯಿತು, ಅವನ ಮಗ್ಗುಲಲ್ಲೇ ಹಾದು ಗೋಡೆಗೆ ಬಡಿದು ಅವನ ಕಾಲ ಹತ್ತಿರ ಬಂದು ನಿಂತಿತು. ಕಾಕಾ ಬ್ಯಾಟು ಎತ್ತಲೇ ಇಲ್ಲ.

"ಯಾಕ ಕಾಕಾ? ಹೊಡಿ ಮತ್ತ."

"ಹೊಡಿತೀನಿ, ತಡಿಯವ್ವಾ," ಎಂದ. "ನಾಕೂ ಮಂದಿ ನಿಂತದ್ದನ್ನ ಒಂದೀಟು ನೋಡ್ತೀನಿ."