ನೋವಿಲ್ಲದ ಭುಜ

ಎಲ್ಲದಕ್ಕೂ ಮೂಲ ಸಕ್ಕರೆ ಡಬ್ಬ. ಇರುವೆಗಳಿಂದಲೂ ತಮ್ಮನಿಂದಲೂ ಒಟ್ಟಿಗೇ ಕಾಪಾಡಬೇಕೆಂದು ಅಕ್ಕ ಅದನ್ನು ಮೇಲಿನ ಶೆಲ್ಫಿನಲ್ಲಿಟ್ಟಿದ್ದಳು. ಆ ತಮ್ಮ, ಬುಗುರಿ, ತನ್ನ ಗಾಲಿಕುರ್ಚಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿ ಬಲಗೈ ಚಾಚಿದ. ಕೈ ಕಿವಿಯವರೆಗೆ ಸುಖವಾಗಿ ಹೋಯಿತು. ಅಲ್ಲಿಂದ ಮುಂದೆ, ಭುಜದೊಳಗೆ ಯಾರೋ ತುಕ್ಕು ಹಿಡಿದ ಬೀಗ ತಿರುಗಿಸಿದಂತಾಯಿತು.

"ಅಯ್ಯೋ!"

ಆ ಮಾತು ಅವನ ಬಾಯಿಂದ ಬರಬಾರದಿತ್ತು. ಕುರ್ಚಿಯನ್ನು ನಿಂತಲ್ಲೇ ಗಿರ್ರನೆ ತಿರುಗಿಸುತ್ತಾನೆಂದು ಬ್ಯಾಸ್ಕೆಟ್‌ಬಾಲ್ ತಂಡದವರು ಅವನಿಗೆ ಬುಗುರಿ ಎಂದು ಹೆಸರಿಟ್ಟಿದ್ದರು. ಗಾಲಿಕುರ್ಚಿಯವರ ಆ ತಂಡದಲ್ಲಿ ಹಳೆಯ ಫಿಸಿಯೋ ಕಾಲದಿಂದ ಬಂದ ಒಂದು ಪದ್ಧತಿಯಿತ್ತು: ಪ್ರಾಣ ಹೋದರೂ ನೋವು ಅನ್ನಬಾರದು. ಆತನಿಗೆ ಗೊತ್ತಿದ್ದ ಮದ್ದು ಒಂದೇ, ಹೊರಗೆ ಕೂರಿಸುವುದು. ಹೆಬ್ಬೆರಳು ನೋಯುತ್ತೆ ಅಂದವನೊಬ್ಬ ಇಡೀ ಸೀಸನ್ನು ನೀರಿನ ಬಾಟಲಿ ಕಾದಿದ್ದ.

ಇವತ್ತು ಸಂಜೆ ಫೈನಲ್. ಇದುವರೆಗಿನ ಫೈನಲ್‌ಗಳನ್ನೆಲ್ಲ ಬುಗುರಿ ಬೆಂಚಿನಿಂದಲೇ ನೋಡಿದ್ದ. ಮೊದಲ ಐವರಲ್ಲಿ ಅವನ ಹೆಸರು ಬಂದದ್ದು ಇದೇ ಮೊದಲು. ಆದರೆ ಹೊಸ ಫಿಸಿಯೋ ಮೇಡಂ ಬಂದಿದ್ದಾರೆ, ಪಂದ್ಯಕ್ಕೆ ಮುಂಚೆ ಎಲ್ಲರ ಭುಜ ನೋಡುತ್ತಾರಂತೆ. ಬುಗುರಿ ಸಿಕ್ಕಿಬಿದ್ದರೆ ಅವನ ಜಾಗಕ್ಕೆ ಕೊಕ್ಕರೆ ಎಂಬ ಅಡ್ಡಹೆಸರಿನ ಆಟಗಾರ ಕಾದು ಕೂತಿದ್ದ. ಆ ಉದ್ದ ಕೈಯವನು ಮೀನು ನೋಡುವ ಹಾಗೇ ಬುಗುರಿಯನ್ನು ನೋಡುತ್ತಿದ್ದ.

"ಏನಾಯ್ತೋ?" ಅಕ್ಕ ಓಡಿಬಂದಳು.

"ಏನಿಲ್ಲ. ಸಕ್ಕರೆ ಬೇಡ ಅನ್ನಿಸ್ತು."

"ನೀನು ಸಕ್ಕರೆ ಬೇಡ ಅಂದ್ಯಾ?" ಅಕ್ಕನ ಮುಖ ಬಿಳಿಚಿತು. ತಮ್ಮನಿಗೆ ದೊಡ್ಡದೇನೋ ಆಗಿರಬೇಕು ಎಂದುಕೊಂಡು, ಪಕ್ಕದ ಕಟಿಂಗ್ ಶಾಪಿನವನನ್ನು ಕರೆದೇಬಿಟ್ಟಳು.

ಕಟಿಂಗ್ ಶಾಪಿನವನು ಎಣ್ಣೆ ಬಾಟಲಿಯೊಂದಿಗೇ ಬಂದ. "ನೋಡು ತಮ್ಮಾ, ನಿಂಗೆ ನಡೆಯೋದೂ ಭುಜಾನೇ, ಎಸೆಯೋದೂ ಭುಜಾನೇ, ಮಂಚ ಹತ್ತೋದೂ ಭುಜಾನೇ. ಮೂರಾಳಿನ ಕೆಲಸ ಒಬ್ಬನ ಕೈಲಿ ಮಾಡಿಸ್ತೀಯ, ಎಣ್ಣೇನಾದ್ರೂ ಬೇಡ್ವಾ?"

ಮಾತು ಸರಿಯಾಗಿತ್ತು. ಕೈ ಸರಿಯಿರಲಿಲ್ಲ. ಭುಜವನ್ನು ಒಗೆದ ಬಟ್ಟೆಯಂತೆ ಹಿಂಡಿ, "ಇದು ಫ್ರೀ" ಎಂದು ಕೊನೆಗೆ ಕತ್ತನ್ನೂ ಲಟಕ್ಕನೆ ಮುರಿದ. ಭುಜದ ನೋವು ಇದ್ದಲ್ಲೇ ಇತ್ತು. ಕತ್ತು ಮಾತ್ರ ಆಮೇಲೆ ಎಡಕ್ಕಷ್ಟೇ ತಿರುಗಿತು.

ಬುಗುರಿ ಕೆಲಸ ಮಾಡುತ್ತಿದ್ದದ್ದು ಬೀಗ ರಿಪೇರಿ ಅಂಗಡಿಯಲ್ಲಿ. ಎಣ್ಣೆ ವಾಸನೆ ಹಿಡಿದೇ ಮಾಲೀಕನಿಗೆ ಸಂಗತಿ ತಿಳಿಯಿತು.

"ಭುಜಾನಾ? ಶಾಖ ಕೊಡಬೇಕು ಕಣೋ."

"ಯಾವ ಕಾಲದಲ್ಲಿದ್ದೀರಿ ಯಜಮಾನ್ರೇ? ಐಸ್ ಇಡಬೇಕು!" ಇಳಿಜಾರಿನ ಕೆಳಗಿನ ಅಂಗಡಿಯ ಟೈಲರ್ ಕರೆಯದೇ ಮೇಲೆ ಬಂದಿದ್ದ.

"ನಿಂಗೇನಯ್ಯ ಗೊತ್ತು ಭುಜದ ವಿಷಯ?"

"ದಿನಾ ಅಳತೆ ತಗೊಳ್ಳೋನು ನಾನು. ನೀವಾ?"

ವಾದ ಬಗೆಹರಿಯಲಿಲ್ಲ. ಹಾಗಾಗಿ ಒಬ್ಬ ಮುಂದಿನಿಂದ ಬಿಸಿ ಬಟ್ಟೆ ಒತ್ತಿದ, ಇನ್ನೊಬ್ಬ ಹಿಂದಿನಿಂದ ಐಸ್ ಇಟ್ಟ. ಬೇಸಿಗೆಯೋ ಚಳಿಗಾಲವೋ ತಿಳಿಯದೆ ಭುಜ ಕಂಗಾಲಾಯಿತು. ಇವರು ನನ್ನನ್ನು ಗುಣಪಡಿಸುವ ಮೊದಲು ಇಲ್ಲಿಂದ ಪಾರಾಗಬೇಕೆಂದು ಬುಗುರಿ ಸಮಯ ನೋಡಿಕೊಂಡು ಹೊರಟ.

ಅಂಗಡಿಯ ಮುಂದೆ ಇಳಿಜಾರಿನ ದಾರಿ. ದಿನವೂ ಅವನು ಗಾಲಿಯ ಸ್ಟೀಲ್ ಬಳೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದು ಮೆಲ್ಲಗೆ ಇಳಿಯುತ್ತಿದ್ದ. ಇವತ್ತು ಬಿಸಿಗೆ ಭುಜದಿಂದ ಇಳಿದದ್ದನ್ನು ಒರೆಸಿಕೊಂಡು ಎರಡೂ ಅಂಗೈ ತುಂಬ ಎಣ್ಣೆ. ಎಷ್ಟು ಒತ್ತಿದರೂ ಬಳೆ ಮೀನಿನಂತೆ ಜಾರಿತು. ಕುರ್ಚಿಗೆ ಮದವೇರಿತು. ಕತ್ತು ಎಡಕ್ಕೆ ಮಾತ್ರ ತಿರುಗುತ್ತಿದ್ದರಿಂದ ಬಲಗಡೆಯ ಟೈಲರ್ ಅಂಗಡಿ ಅವನಿಗೆ ಕಂಡದ್ದು ಒಳಗೆ ಹೋದ ಮೇಲೆಯೇ. ಕೋಟು ತೊಟ್ಟ ಗೊಂಬೆಯೊಂದು ತೊಡೆಯ ಮೇಲೆ ಬಂದು ಕೂತಿತು. ಹೆಬ್ಬೆರಳು ಗಾಲಿಯ ಕಡ್ಡಿಗೆ ಸಿಕ್ಕಿ ಬದನೆಕಾಯಿಯಾಯಿತು.

"ಆ ಕೋಟು ಮದುಮಗನದು!" ಎಂದು ಹಿಂದೆಯೇ ಓಡಿಬಂದ ಟೈಲರ್ ಅರಚುತ್ತಿರುವಾಗಲೇ ಬುಗುರಿ ಗೊಂಬೆಯನ್ನು ಇಳಿಸಿ, ಕೈ ಒರೆಸಿಕೊಂಡು, ಕ್ರೀಡಾಂಗಣಕ್ಕೆ ಧಾವಿಸಿದ.

ತಲುಪುವಾಗ ತಡವಾಗಿತ್ತು. ಒಳಗಿನ ನೋಟ ಕಂಡು ಅವನು ಬಾಗಿಲಲ್ಲೇ ಕುರ್ಚಿ ನಿಲ್ಲಿಸಿದ. ಇಡೀ ತಂಡ ಸಾಲಾಗಿ ಕೂತಿತ್ತು, ಎಲ್ಲರ ಭುಜದ ಮೇಲೂ ಐಸ್ ಚೀಲ. ಕೊಕ್ಕರೆಗಂತೂ ಎರಡೂ ಭುಜಕ್ಕೆ. ಪಾಪ, ಎಲ್ಲ ನೋವಿದೆ ಅಂತ ಬಾಯಿಬಿಟ್ಟಿದ್ದಾರೆ, ಎಲ್ಲರ ಆಟವೂ ಮುಗಿಯಿತು, ಎಂದುಕೊಂಡ ಬುಗುರಿ.

"ಬುಗುರಿ, ಇಲ್ಲಿ ಬಾರೋ, ಒಂದು ವಿಷಯ," ಕೊಕ್ಕರೆ ಪಿಸುಗುಟ್ಟಿದ.

"ನಿನ್ನ ವಿಷಯ ನಂಗೊತ್ತು. ಸುಮ್ನಿರು."

ಮೇಡಂ ಅವನ ಬಲಭುಜಕ್ಕೆ ಹೆಬ್ಬೆರಳೊತ್ತಿದರು. ಸರಿಯಾಗಿ ತುಕ್ಕಿನ ಬೀಗದ ಮೇಲೆ.

"ನೋವಾಗುತ್ತಾ?"

"ಹ್ಹಿಹ್ಹಿಹ್ಹಿ! ಇಲ್ಲ ಮೇಡಂ. ಕಚಗುಳಿ."

"ಕಣ್ಣಲ್ಲಿ ನೀರು ಬರ್ತಿದೆ?"

"ನಗು ಜಾಸ್ತಿಯಾದ್ರೆ ನಂಗೆ ಹಾಗೇ ಮೇಡಂ."

"ಆ ಬೆರಳು ಊದಿದೆಯಲ್ಲ?"

"ಅದು ಹುಟ್ಟಿದಾಗಿಂದ ದಪ್ಪ."

"ಸರಿ, ಕೈ ಪೂರ್ತಿ ಮೇಲೆತ್ತು."

ಬುಗುರಿ ಕಣ್ಣು ಮುಚ್ಚಿದ. ಬರಲಿದ್ದ ಚೀತ್ಕಾರವನ್ನು ಹೇಗೂ ತಡೆಯಲಾಗದೆಂದು ಗೊತ್ತಿತ್ತು. ಅದಕ್ಕೊಂದು ಅರ್ಥ ಕೊಟ್ಟರಾಯಿತು. ಕೈಯನ್ನು ಒಂದೇ ಏಟಿಗೆ ಆಕಾಶಕ್ಕೆತ್ತಿ, "ಗೆಲ್ತೀವೀಈಈ!" ಎಂದು ಕಿರುಚಿದ. ಪ್ರೇಕ್ಷಕರೂ ಉತ್ಸಾಹದಿಂದ "ಗೆಲ್ತೀವೀ!" ಎಂದರು.

ಮೇಡಂ ಬೆರಗಾಗಿ ತಂಡದತ್ತ ತಿರುಗಿದರು. "ನೋಡ್ರಪ್ಪ, ಭುಜ ಅಂದ್ರೆ ಹೀಗಿರಬೇಕು."

ಕೋಚ್ ಬುಗುರಿಯನ್ನು ತಬ್ಬಿಕೊಂಡ, ಅದೂ ಬಲಗಡೆಯಿಂದ. "ನಮ್ಮನ್ನ ಉಳಿಸಿದೆ ಮಾರಾಯ! ನೀನು ಬರೋ ಮೊದಲು ಮೇಡಂ ಹೊಸ ಪದ್ಧತಿ ಹೇಳಿದ್ರು. ನೋವಿದೆ ಅಂದ್ರೆ ಹೊರಗೆ ಕೂರಿಸಲ್ಲ. ನೋವನ್ನ ಮುಚ್ಚಿಟ್ಟರೇ ಭುಜ ಹರಿಯೋದು. ಅದಕ್ಕೇ, ಹೇಳಿದೋರಿಗೆ ಐಸು, ಪಟ್ಟಿ, ಆಮೇಲೆ ಸರದಿ ಪ್ರಕಾರ ಸ್ವಲ್ಪ ಹೊತ್ತು ಆಟ, ಸ್ವಲ್ಪ ಹೊತ್ತು ವಿಶ್ರಾಂತಿ. ಎಲ್ರೂ ನಿಜ ಹೇಳಿಬಿಟ್ರು ನೋಡು!"

"ಎಲ್ರೂ... ಆಡ್ತಾರಾ?" ಬುಗುರಿಯ ದನಿ ಇಳಿಯಿತು.

"ಆಡ್ತಾರೆ. ಆದ್ರೆ ಸರದಿ ಮೇಲೆ. ಪೂರ್ತಿ ನಲವತ್ತು ನಿಮಿಷ ಕೋರ್ಟಲ್ಲಿ ಇರೋನು ನೀನೊಬ್ಬನೇ. ಉದ್ದದ ಎಸೆತ ಎಲ್ಲ ನಿಂದೇ!"

ಬುಗುರಿ ಮೇಡಂನತ್ತ ಕುರ್ಚಿ ತಿರುಗಿಸಿದ. "ಮೇಡಂ... ನಿಜ ಹೇಳ್ತೀನಿ. ನನ್ನ ಭುಜ ಸತ್ತೇ ಹೋಗಿದೆ."

ಮೇಡಂ ನಕ್ಕರು. "ನಲವತ್ತು ನಿಮಿಷ ಅಂದ ಕೂಡ್ಲೇ ನೋವು ಶುರುವಾಯ್ತಾ? ಒತ್ತಿದ್ದು ನಾನೇ, ನಕ್ಕಿದ್ದು ನೀನೇ. ನೋಯೋ ಭುಜಕ್ಕೆ ಕಚಗುಳಿ ಆಗಲ್ಲಪ್ಪ."

"ಫೈನಲ್ ಭಯ," ಕೋಚ್ ಅವನ ಬೆನ್ನು ತಟ್ಟಿದ. "ಎಸೀತಾ ಎಸೀತಾ ಹೋಗುತ್ತೆ."

ಸೀಟಿ ಮೊಳಗಿತು. ಬುಗುರಿ ಕೋರ್ಟಿನ ಮಧ್ಯಕ್ಕೆ ಬಂದು, ಎಡಕ್ಕೆ ಮಾತ್ರ ತಿರುಗುವ ಕತ್ತಿನಿಂದ ಬೆಂಚನ್ನು ನೋಡಿದ. ಕೊಕ್ಕರೆ ಎರಡೂ ಐಸ್ ಚೀಲಗಳನ್ನು ಹಿತವಾಗಿ ಸರಿಪಡಿಸಿಕೊಂಡು, ಮುಂದಕ್ಕೆ ಬಾಗಿ, ಭಕ್ತಿಯಿಂದ ಕೇಳಿದ:

"ಲೋ ಬುಗುರಿ, ದಿನಾ ಆ ಭುಜಕ್ಕೆ ಏನು ಹಚ್ತೀಯೋ? ನಮಗೂ ಸ್ವಲ್ಪ ಹೇಳೋ!"